ಹೆಂಡತಿಯ ಕಣ್ಣ ಸುತ್ತ

ಕನ್ನಡಕದಂಗಡಿಯ ಹಿಂಭಾಗದಲ್ಲಿ, ಮೇಜೊಂದನ್ನು ಹಾಕಿದರೆ ಮನುಷ್ಯ ಅಡ್ಡಡ್ಡ ನುಸುಳಬೇಕಾದಂಥ ಒಂದು ಕೋಣೆಯಿದೆ. ಅಲ್ಲಿ ಕೂತು ಕೆಲಸ ಮಾಡುವವನನ್ನು ಅಂಗಡಿಯ ಯಜಮಾನರು ಮೂಕಪ್ಪ ಎಂದು ಕರೆಯುತ್ತಾರೆ. ಅವನು ಮೂಕನಲ್ಲ. ಮಾತು ಬರುತ್ತದೆ, ಆದರೆ ಕೇಳಿದವರು ಎದ್ದು ಹೋದ ಮೇಲೆ ಬರುತ್ತದೆ. ಯಾರಾದರೂ ದನಿ ಏರಿಸಿದರಂತೂ ನಾಲಿಗೆ ಅಂಗುಳಿಗೆ ಅಂಟಿಕೊಂಡುಬಿಡುತ್ತದೆ. ಇಂಥವನಿಗೆ ಆ ಕೋಣೆ ಹೇಳಿ ಮಾಡಿಸಿದ ಜಾಗ. ಗಿರಾಕಿಗಳನ್ನು ಮಾತಾಡಿಸುವುದು ಮುಂದಿನವರ ಕೆಲಸ. ಇವನದು ಬಂದ ಗಾಜನ್ನು ಫ್ರೇಮಿನ ಅಳತೆಗೆ ಕತ್ತರಿಸಿ, ತಿರುಗುವ ಕಲ್ಲಿಗೆ ಅಂಚು ಹಿಡಿದು, ಕೂರಿಸಿ, ಒರೆಸಿ ಕೊಡುವುದು. ಗಾಜು ಎನ್ನುವುದು ಹೆಸರಿಗಷ್ಟೇ, ಈಗ ಎಲ್ಲ ಪ್ಲಾಸ್ಟಿಕ್ಕು. ಕಲ್ಲಿಗೆ ತಾಗಿದರೆ ಬಿಳಿ ಪುಡಿ ಏಳುತ್ತದೆ. ಸಂಜೆ ಹೊತ್ತಿಗೆ ಅವನ ಅಂಗಿಯ ತೋಳು, ಹುಬ್ಬು ಎಲ್ಲ ಬೆಳ್ಳಗಾಗಿರುತ್ತದೆ. ಇಷ್ಟು ವರ್ಷದಲ್ಲಿ ಅವನು ಒಬ್ಬರಿಗೂ ಎದುರಾಡಿದವನಲ್ಲ, ಒಂದು ಇರುವೆಯನ್ನು ಬೇಕೆಂದು ತುಳಿದವನಲ್ಲ. ಅಂಥವನು ಹೆಂಡತಿಗೆ ಹೊಡೆಯುತ್ತಾನೆ ಎಂದು ಗುರುತಿನವರೆಲ್ಲ ನಂಬಿದರು. ನಂಬಿದವರಲ್ಲಿ ಒಬ್ಬರೂ ಕೆಟ್ಟವರಾಗಿರಲಿಲ್ಲ ಎನ್ನುವುದೇ ನನಗೆ ಇವತ್ತಿಗೂ ಸಂಕಟ.

ಹೆಂಡತಿ ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಅಂಗಿಗೆ ಕಾಲರ್ ಹೊಲಿಯುತ್ತಿದ್ದಳು. ಮನೆಯ ಮಾತಿನ ಗುತ್ತಿಗೆಯೆಲ್ಲ ಅವಳದೇ. ಹಾಲಿನವನ ಹತ್ತಿರ ಜಗಳ, ಬಾಡಿಗೆಮನೆಯ ಯಜಮಾನಿಯ ಹತ್ತಿರ ಚೌಕಾಶಿ, ಮಗಳಿಗೆ ಕಥೆ, ಗಂಡನ ಪರವಾಗಿ ಪ್ರಶ್ನೆ, ಗಂಡನ ಪರವಾಗಿ ಉತ್ತರ. ಅವಳಿಗೆ ಮೊದಲು ರೆಪ್ಪೆಯ ಮೇಲೆ ಸ್ವಲ್ಪ ಬಿಗಿತ ಕಾಣಿಸಿತು. ಮುಖ ತೊಳೆದು ಬಂದರೆ ಅಲ್ಲಿ ಅಂಟು ಬಳಿದು ಒಣಗಿಸಿದ ಹಾಗಾಗುತ್ತದೆ ಎಂದಳು. ಆಮೇಲೆ ಕಣ್ಣಿನ ಸುತ್ತ ಚರ್ಮ ಒಣಗಿ ಹೊಟ್ಟು ಏಳತೊಡಗಿತು. ಆಮೇಲೆ ತುರಿಕೆ, ತುರಿಸಿದರೆ ಉರಿ, ಉರಿಗೆ ನೀರು, ನೀರು ಆರಿದರೆ ಮತ್ತಷ್ಟು ಬಿಗಿತ. ಬೆಳಿಗ್ಗೆ ಎದ್ದಾಗ ರೆಪ್ಪೆಗಳು ಊದಿ ಅರ್ಧ ಮಾತ್ರ ತೆರೆಯುತ್ತಿದ್ದವು. ನಕ್ಕರೆ ಕಣ್ಣಂಚಿನಲ್ಲಿ ಚರ್ಮ ಬಿರಿದು ಚುರುಗುಟ್ಟುತ್ತಿತ್ತು. ನಗದೆ ಇರುವುದು ಅವಳಿಗೆ ಗೊತ್ತಿಲ್ಲದ ವಿದ್ಯೆ, ಪಾಪ.

ಚರ್ಮದ ಡಾಕ್ಟರು ದೊಡ್ಡ ದೀಪ ಹಾಕಿ ನೋಡಿದರು. ಕಣ್ಣಿಗೇನೂ ಆಗಿಲ್ಲ, ಕಣ್ಣಿನ ಸುತ್ತಲ ಚರ್ಮಕ್ಕೆ ಯಾವುದೋ ಒಂದು ಆಗಿಬರುತ್ತಿಲ್ಲ, ಮೈಯಲ್ಲೆಲ್ಲ ತೀರಾ ತೆಳುವಾದ ಚರ್ಮ ಅಲ್ಲಿಯದೇ ಎಂದರು. ಉಜ್ಜಬೇಡಿ, ಜೋರಿನ ಮುಲಾಮನ್ನು ನಾಲ್ಕು ದಿನಕ್ಕಿಂತ ಹೆಚ್ಚು ಹಚ್ಚಬೇಡಿ, ಬಣ್ಣ ವಾಸನೆ ಇಲ್ಲದ ಸಾದಾ ಮುಲಾಮನ್ನು ದಿನವೂ ಹಚ್ಚಿ ಎಂದರು. ಆಗದೆ ಇರುವುದು ಯಾವುದು ಎಂದು ಅವಳು ಕೇಳಿದ್ದಕ್ಕೆ, ಒಂದೊಂದನ್ನೇ ಬಿಟ್ಟು ನೋಡಬೇಕಷ್ಟೇ ಎಂದುಬಿಟ್ಟರು. ಬಿಟ್ಟು ನೋಡಿದರು. ಸೋಪು ಬಿಟ್ಟರು, ಪೌಡರ್ ಬಿಟ್ಟರು, ತಲೆಗೆ ಹಚ್ಚುವ ಎಣ್ಣೆ ಬಿಟ್ಟರು, ಬಟ್ಟೆ ಒಗೆಯುವ ಪುಡಿ ಬದಲಾಯಿಸಿದರು, ಹಳೆಯ ದಿಂಬನ್ನು ಎಸೆದರು. ಪ್ರತಿ ಸಲವೂ ನಾಲ್ಕು ದಿನ ಕಡಿಮೆಯಾದ ಹಾಗೆ ಕಾಣುತ್ತಿತ್ತು. ಸಿಕ್ಕಿಬಿದ್ದ ಕಳ್ಳ ಎಂದು ಅವಳು ಕುಣಿಯುತ್ತಿದ್ದಳು. ಐದನೆಯ ದಿನ ಕೆಂಪು ಮತ್ತೆ ಹಾಜರ್.

ಮುಲಾಮನ್ನು ಅವಳೇ ಹಚ್ಚಿಕೊಳ್ಳುವಂತಿರಲಿಲ್ಲ. ಬೆರಳು ತಾಗಿತೆಂದರೆ ತುರಿಕೆಗೆ ಜೀವ ಬಂದು, ಹಚ್ಚಲು ಹೋದ ಕೈ ಉಜ್ಜಲು ನಿಲ್ಲುತ್ತಿತ್ತು. ಅದಕ್ಕೆ ಆ ಕೆಲಸ ಗಂಡನಿಗೆ ಬಂತು. ಸಂಜೆ ಅಂಗಡಿಯಿಂದ ಬಂದು ಕೈ ತೊಳೆದು, ಅವಳನ್ನು ಕಿಟಕಿಯ ಬೆಳಕಿಗೆ ಮುಖ ಮಾಡಿ ಕೂರಿಸಿ, ಬೆರಳ ತುದಿಯಲ್ಲಿ ಚೂರೇ ಚೂರು ತೆಗೆದುಕೊಂಡು ಹಚ್ಚುತ್ತಿದ್ದ. ಗೀರು ಬೀಳದ ಹಾಗೆ ಗಾಜು ಹಿಡಿದು ಪಳಗಿದ ಬೆರಳು. ಆದರೂ ಬಿರಿದ ಜಾಗಕ್ಕೆ ತಾಗಿದರೆ ಅವಳು ಉರಿ ಉರಿ ಎಂದು ಕಣ್ಣೀರು ಹಾಕುತ್ತಿದ್ದಳು. ಅವನು ಬಗ್ಗಿ ಊದುತ್ತಿದ್ದ. ಆಗಷ್ಟೇ ಶಿಶುವಿಹಾರಕ್ಕೆ ಹೋಗತೊಡಗಿದ್ದ ಮಗಳು ಪಕ್ಕದಲ್ಲಿ ನಿಂತು, ಈ ಕಣ್ಣಿಗೆ ಒಂದು, ಆ ಕಣ್ಣಿಗೆ ಎರಡು ಎಂದು ಮೇಲ್ವಿಚಾರಣೆ ಮಾಡುತ್ತಿದ್ದಳು. ನಿಜ ಹೇಳಬೇಕೆಂದರೆ, ಅವನಿಗೆ ಇಡೀ ದಿನದಲ್ಲಿ ಇಷ್ಟವಾದ ಹೊತ್ತು ಅದೇ. ಹೆಂಡತಿಯ ಕಷ್ಟದ ಹೊತ್ತನ್ನು ತಾನು ಇಷ್ಟಪಡುತ್ತಿದ್ದೇನಲ್ಲ ಎಂದು ನಾಚಿಕೆಯೂ ಆಗುತ್ತಿತ್ತು.

ಇಷ್ಟರಲ್ಲಿ ಊರ ಕಣ್ಣು ಅವಳ ಕಣ್ಣಿನ ಮೇಲೆ ಬಿದ್ದಿತ್ತು. ಬಸ್ ನಿಲ್ದಾಣದಲ್ಲಿ ಹೆಂಗಸರು ಮೊದಲು ಅವಳ ಮುಖ ನೋಡುತ್ತಿದ್ದರು, ಆಮೇಲೆ ಅವನ ಮುಖ. ಯಾಕಮ್ಮಾ, ಮತ್ತೆ ಅತ್ತಿದ್ದೀಯಾ ಎಂದು ಬಾಡಿಗೆಮನೆಯ ಯಜಮಾನಿ ಕೇಳಿದರು. ಇಲ್ಲ, ಚರ್ಮ ಒಣಗಿದೆ ಎಂದು ಅವಳು ನಕ್ಕಳು. ನಕ್ಕದ್ದಕ್ಕೆ ಕಣ್ಣಂಚು ಬಿರಿದು ನಿಜವಾಗಿಯೇ ನೀರು ಬಂತು. ಆಕೆ ಅವಳ ಬೆನ್ನು ಸವರಿ, ಎಲ್ಲ ಹೊಟ್ಟೆಗೆ ಹಾಕಿಕೊಂಡು ನಗುತ್ತೀಯಲ್ಲ ತಾಯಿ ಎಂದರು. ಇಲ್ಲ ಎಂದಷ್ಟೂ ಅದು ಹೌದಾಗುತ್ತಿತ್ತು. ಅವಳು ಮಾತಾಡಿದರೆ ಗಂಡನ ಮಾನ ಮುಚ್ಚುತ್ತಿದ್ದಾಳೆ ಎಂದರು, ಅವನು ಮಾತಾಡದಿದ್ದರೆ ಒಳಗೊಳಗೇ ಕುಯ್ಯುವವನು ಎಂದರು. ಸುಮ್ಮನಿರುವ ಗಂಡಸಿಗೆ ಇದಕ್ಕಿಂತ ಒಳ್ಳೆಯ ಬಿರುದು ಜನರ ಹತ್ತಿರ ಇಲ್ಲವೇನೋ.

ಆಗ ಅವನೊಂದು ಕೆಲಸ ಮಾಡಿದ. ಗಾಳಿ ಧೂಳು ತಾಗದ ಹಾಗೆ ಹೆಂಡತಿಗೆ ಒಂದು ಕನ್ನಡಕ ಮಾಡಿಕೊಡಬೇಕೆಂದು ಹೊರಟ. ಅಂಗಡಿಯಲ್ಲಿ ಇದ್ದವುಗಳಲ್ಲೇ ದೊಡ್ಡ ಫ್ರೇಮ್ ಆರಿಸಿದ, ಬದಿಯೂ ಮುಚ್ಚುವಂಥದ್ದು. ಬಿಸಿಲಿಗೆ ಕಣ್ಣು ಕಿವುಚದಿರಲಿ ಎಂದು ಕಡು ಕಂದು ಬಣ್ಣದ ಗಾಜು. ಊಟದ ಬಿಡುವಿನಲ್ಲೆಲ್ಲ ಕೂತು ಅಂಚು ತೀಡಿದ. ಚರ್ಮಕ್ಕೆ ಎಲ್ಲೂ ಒತ್ತದ ಹಾಗೆ ಮೂಗಿನ ಆಸರೆಯನ್ನು ಬಿಸಿ ಮಾಡಿ ಬಗ್ಗಿಸಿದ. ಹಾಕಿಕೊಂಡು ಅವಳು ಸಿನಿಮಾದವಳ ಹಾಗೆ ಸೊಂಟದ ಮೇಲೆ ಕೈಯಿಟ್ಟು ನಿಂತಳು. ಗಂಡ ಹೆಂಡತಿ ಮಗಳು ಮೂವರೂ ಹೊಟ್ಟೆ ಹಿಡಿದುಕೊಂಡು ನಕ್ಕರು.

ಕನ್ನಡಕದ ಕೆಲಸದವನಿಗೆ ಕನ್ನಡಕವೆಂದರೆ ಕಣ್ಣು ಕಾಯುವ ವಸ್ತು. ಉಳಿದ ಲೋಕಕ್ಕೆ ಹೆಂಗಸಿನ ಕಪ್ಪು ಕನ್ನಡಕವೆಂದರೆ ಬೇರೆಯೇ ಅರ್ಥ. ಬುದ್ಧಿಯಿದ್ದ ಯಾರಿಗಾದರೂ ಹೊಳೆಯುತ್ತಿತ್ತು, ಈ ಮಹಾರಾಯನಿಗೆ ಹೊಳೆಯಲಿಲ್ಲ. ಅಲ್ಲಿಯವರೆಗೆ ಅಳಿಸುತ್ತಾನೆ ಎನ್ನುತ್ತಿದ್ದವರು ಈಗ ಹೊಡೆಯುತ್ತಾನೆ ಎಂದರು. ಸಾಲದ್ದಕ್ಕೆ ಬಾಸುಂಡೆ ಕಾಣದಿರಲಿ ಎಂದು ತಾನೇ ಕನ್ನಡಕ ಮಾಡಿ ತೊಡಿಸಿದ್ದಾನೆ ಎಂದರು. ಸುದ್ದಿ ಕಾಲರ್ ಹೊಲಿಯುವವರ ಸಾಲಿನಿಂದ ಹೊರಟು ಅವಳ ಅಣ್ಣನ ಟೈರ್ ಅಂಗಡಿಗೆ ಹೋಗಿ ಮುಟ್ಟಿತು.

ತಂದೆಯಿಲ್ಲದ ತಂಗಿಯನ್ನು ಎತ್ತಿ ಆಡಿಸಿ ಬೆಳೆಸಿದ ಅಣ್ಣ, ಮೂಕಪ್ಪನಿಗೆ ಭಾವ. ಅವರ ಜೀವವೆಲ್ಲ ಅವಳ ಮೇಲೆ. ಒಂದು ರಜೆಯ ದಿನ ಮಧ್ಯಾಹ್ನ ನೇರ ಒಳಗೆ ಬಂದವರು, ಕೂರದೆ, ನೀರು ಮುಟ್ಟದೆ, ತಂಗಿಯ ಕನ್ನಡಕ ತೆಗೆದು ನೋಡಿದರು. ರೆಪ್ಪೆಗಳು ಊದಿದ್ದವು, ಸುತ್ತಲೂ ಕೆಂಪು ಉಂಗುರ. ಅವಳು ಚರ್ಮ, ಡಾಕ್ಟರು, ಸೋಪು ಎಂದು ಶುರುಮಾಡಿದಳು. ಡಾಕ್ಟರಿಗೆ ಹೇಳಿದವರು ಯಾರು, ನೀವಿಬ್ಬರೇ ತಾನೇ ಎಂದು ಅವಳ ಬಾಯಿ ಮುಚ್ಚಿಸಿ, ಅವರು ಮೊಣಕಾಲೂರಿ ಮಗುವಿನ ಮುಂದೆ ಕೂತರು. ಮಗು ಸುಳ್ಳು ಹೇಳುವುದಿಲ್ಲ ಎಂದು ಅವರಿಗೆ ಗೊತ್ತಿತ್ತು.

"ಪುಟ್ಟಿ, ಅಪ್ಪ ಅಮ್ಮಂಗೆ ಏನು ಮಾಡ್ತಾರೆ, ಮಾವನ ಹತ್ರ ಹೇಳು."

"ಅಪ್ಪ ದಿನಾ ಅಮ್ಮಂಗೆ ಎರಡು ಹಾಕ್ತಾರೆ," ಎಂದಳು ಮಗಳು, ಹೆಮ್ಮೆಯಿಂದ. "ಅಮ್ಮ ಉರಿ ಉರಿ ಅಂತ ಅಳ್ತಾಳೆ. ಆಮೇಲೆ ಅಪ್ಪ ಊದ್ತಾರೆ."

ಎರಡು ಹಾಕುವುದು ಎಂದರೆ ದೊಡ್ಡವರ ಭಾಷೆಯಲ್ಲಿ ಏನೆಂದು ನಿಮಗೂ ಗೊತ್ತು, ನನಗೂ ಗೊತ್ತು. ಗೊತ್ತಿಲ್ಲದವಳು ಅಲ್ಲಿ ಮಗಳೊಬ್ಬಳೇ. ಊದುವ ಮಾತು ಭಾವನ ಕಿವಿಗೆ ಬೀಳಲೇ ಇಲ್ಲ. ಅವರ ಮುಖ ಕಪ್ಪಿಟ್ಟಿತು.

"ಅಣ್ಣಾ, ಅದು ಮುಲಾಮು. ಕಣ್ಣಿಗೆ ಮುಲಾಮು ಹಾಕೋದನ್ನ ಹೇಳ್ತಿದಾಳೆ."

"ಮುಲಾಮು ಹಾಕೋ ಹಾಗೆ ಆಗಿದ್ದು ಯಾಕೆ? ಅದನ್ನ ಹೇಳು."

ಅದಕ್ಕೆ ಯಾರ ಬಳಿ ಉತ್ತರವಿತ್ತು? ಡಾಕ್ಟರ ಬಳಿಯೇ ಇರಲಿಲ್ಲ. ಮೂಕಪ್ಪ ಮುಲಾಮನ್ನಾದರೂ ತೋರಿಸೋಣವೆಂದು ಒಳಕೋಣೆಗೆ ಓಡಿದ. ಕಿಟಕಿಯಲ್ಲಿ ಇಡುತ್ತಿದ್ದ ಟ್ಯೂಬು ಅಲ್ಲಿರಲಿಲ್ಲ. ಕಪಾಟು ನೋಡಿದ, ಹಾಸಿಗೆ ಕೊಡವಿದ. ಕೊನೆಗೆ ಮಗಳ ಆಟದ ಬುಟ್ಟಿಯಲ್ಲಿ ಸಿಕ್ಕಿತು. ಅವಳು ಅದನ್ನು ಗೊಂಬೆಯ ಕಣ್ಣಿಗೆಲ್ಲ ಬಳಿದಿದ್ದಳು. ಹಿಡಿದುಕೊಂಡು ಹೊರಗೆ ಬರುವಷ್ಟರಲ್ಲಿ ಭಾವ ತಂಗಿಯನ್ನೂ ಮಗುವನ್ನೂ ಗಾಡಿಯಲ್ಲಿ ಕೂರಿಸಿಕೊಂಡು ತಿರುವು ದಾಟಿದ್ದರು. ಹೇಳಬೇಕಾದ ಮಾತೆಲ್ಲ ಆಗ ಅವನಿಗೆ ಬಂತು, ಒಂದೂ ಬಿಡದೆ.

ಅವಳು ದಿನವೂ ಫೋನ್ ಮಾಡುತ್ತಿದ್ದಳು. ಅಣ್ಣನ ಸಿಟ್ಟು ಇಳಿಯಲಿ, ನಾಲ್ಕು ದಿನದ ಮಾತು ಎಂದು ಇವನಿಗೇ ಧೈರ್ಯ ಹೇಳುತ್ತಿದ್ದಳು. ಒಂದು ದಿನ ಫೋನಿನಲ್ಲಿ ಸಂಭ್ರಮ. ಹೊಟ್ಟು ಉದುರಿದೆ, ಕೆಂಪು ಹೋಗಿದೆ, ಕನ್ನಡಿ ನೋಡಿಕೊಂಡರೆ ನನ್ನದೇ ಮುಖ ಕಾಣುತ್ತಿದೆ ರೀ ಎಂದಳು. ಆದರೆ ಗಂಡನ ಮನೆಯಲ್ಲಿ ಇಷ್ಟು ದಿನ ವಾಸಿಯಾಗದ ಕಣ್ಣು ತವರಿನಲ್ಲಿ ತಾನಾಗಿ ವಾಸಿಯಾಗಿತ್ತು. ಅದರ ಅರ್ಥ ಭಾವನಿಗೆ ಏನಾಗಿರುತ್ತದೆ ಎಂದು ಇಬ್ಬರಿಗೂ ಒಟ್ಟಿಗೇ ಹೊಳೆಯಿತು.

ಕಾರ್ಖಾನೆಯ ಬಟ್ಟೆಯ ಧೂಳೇ ಇರಬೇಕು, ಇಲ್ಲಿ ಕೂತಿದ್ದರಿಂದ ವಾಸಿಯಾಗಿದೆ ಎಂದು ಅವಳು ಹಟ ಹಿಡಿದು ಕಾಲರ್ ಕೆಲಸ ಬಿಟ್ಟಳು. ಅಣ್ಣ ಎಷ್ಟು ತಡೆದರೂ ಕೇಳದೆ ಮಗಳನ್ನು ಎತ್ತಿಕೊಂಡು ಮನೆಗೆ ಬಂದಳು. ಎರಡು ಮೂರು ದಿನ ಅವನು ಕೆಲಸದ ನಡುವೆ ತನ್ನಷ್ಟಕ್ಕೇ ಗುನುಗಿದ್ದನ್ನು ಯಜಮಾನರೂ ಕೇಳಿದರು. ವಾರ ತುಂಬುವುದರೊಳಗೆ ಅವಳ ರೆಪ್ಪೆಯ ಮೇಲೆ ಮತ್ತೆ ಬಿಗಿತ.

ಅಲ್ಲಿ ಇಲ್ಲದೆ ಇಲ್ಲಿ ಇರುವುದು ಏನು, ಯೋಚಿಸಿ ಎಂದರು ಡಾಕ್ಟರು.

"ಅಲ್ಲಿ ಇಲ್ಲದೆ ಇರೋದು ಇವರೊಬ್ಬರೇ," ಎಂದು ಅವಳು ನಕ್ಕಳು.

ಡಾಕ್ಟರು ನಗಲಿಲ್ಲ. ಅವನ ಕೆಲಸವೇನೆಂದು ಕೇಳಿದರು. ಅವನ ಅಂಗಿಯ ತೋಳನ್ನು ಹಿಡಿದು, ಹೊಲಿಗೆಯ ಸಂದಿಯಲ್ಲಿ ಕೂತಿದ್ದ ಬಿಳಿ ಪುಡಿಯನ್ನು ನೋಡಿದರು. ಇದೇ ಇರಬಹುದು, ಇಲ್ಲದೆಯೂ ಇರಬಹುದು, ಆಣೆ ಮಾಡಿ ಹೇಳಲಾರೆ ಎಂದರು.

ಅಂದಿನಿಂದ ಅವನು ಅಂಗಡಿಯಲ್ಲೇ ಬಟ್ಟೆ ಬದಲಾಯಿಸಿದ. ಹಿತ್ತಲಲ್ಲಿ ತಲೆಗೆ ನೀರು ಹುಯ್ದುಕೊಂಡೇ ಒಳಗೆ ಬಂದ. ಮುಲಾಮು ಹಚ್ಚುವುದನ್ನು ನಿಲ್ಲಿಸಿದ. ಹಾಸಿಗೆ ಬೇರೆ ಮಾಡಿದ. ತನ್ನನ್ನು ಅಂಗಡಿಯ ಮುಂಭಾಗಕ್ಕೆ ಹಾಕಿ ಎಂದು ಯಜಮಾನರನ್ನು ಕೇಳಿದ. ನೀನು ಮುಂದೆ ಕೂತರೆ ಬಂದವರು ಕುರುಡರಾಗಿಯೇ ವಾಪಸ್ ಹೋಗಬೇಕಾಗುತ್ತದೆ ಎಂದು ಅವರು ತಮಾಷೆ ಮಾಡಿ ಕಳಿಸಿದರು. ಬೇರೆ ಕೆಲಸ ಅವನಿಗೆ ಬರುತ್ತಿರಲಿಲ್ಲ. ಏನು ಮಾಡಿದರೂ ಕೆಂಪು ಹೋಗಲಿಲ್ಲ. ಚರ್ಮ ಸೀಳಿ ಅವಳು ರೆಪ್ಪೆ ಮುಚ್ಚಲೂ ಆಗದೆ, ತೆರೆಯಲೂ ಆಗದೆ ಕೂತದ್ದನ್ನು ನೋಡಿದ ಬೆಳಿಗ್ಗೆ, ಬಿಟ್ಟು ನೋಡಲು ಇನ್ನು ಉಳಿದಿರುವುದು ತಾನೊಬ್ಬನೇ ಎಂದು ಅವನು ತೀರ್ಮಾನಿಸಿದ. ಅವಳು ಕಣ್ಣೇ ಹೋದರೂ ಚಿಂತೆಯಿಲ್ಲ, ಅಣ್ಣನ ಮನೆಗೆ ಹೋಗುವುದಿಲ್ಲ ಎಂದು ಗೋಗರೆದಳು. ಅವನು ತಲೆ ತಗ್ಗಿಸಿಕೊಂಡು ಅವಳ ಸೀರೆಗಳನ್ನು, ಮಗಳ ಗೊಂಬೆಯನ್ನು ಚೀಲಕ್ಕೆ ತುಂಬಿದ.

ದಾರಿಯುದ್ದಕ್ಕೂ ಬಸ್ಸಿನಲ್ಲಿ ಹೇಳಬೇಕಾದ್ದನ್ನು ಜೋಡಿಸಿಕೊಂಡ. ಡಾಕ್ಟರು ಹೀಗೆ ಹೇಳಿದರು, ಅಂಗಡಿಯಲ್ಲಿ ಏಳುವ ಪುಡಿ ಹೀಗೆ, ಅದು ಮೈಗಂಟಿ ಬಂದು ನನ್ನಿಂದಲೇ ಇದು ಆಗುತ್ತಿದೆ, ಅದಕ್ಕೆ ಕೆಲವು ದಿನ ನಿಮ್ಮಲ್ಲಿ ಇರಲಿ. ಒಂದು ಮಾತೂ ತಪ್ಪದ ಹಾಗೆ ಮನಸ್ಸಿನಲ್ಲೇ ಉರು ಹೊಡೆದ. ಮನೆಗೆ ಅಂಟಿಕೊಂಡಿದ್ದ ಟೈರ್ ಅಂಗಡಿಯ ಮುಂದೆ ಭಾವ ಚಕ್ರ ಬಿಚ್ಚುತ್ತಿದ್ದರು. ತಂಗಿಯ ಕಣ್ಣು ಕಂಡದ್ದೇ ಸ್ಪ್ಯಾನರ್ ಕೈಯಲ್ಲಿ ಹಿಡಿದೇ ಎದ್ದು ನಿಂತರು. ಉರು ಹೊಡೆದದ್ದೆಲ್ಲ ಅಲ್ಲೇ ಹಾರಿಹೋಯಿತು. ಉಳಿದದ್ದು ನಡುವಿನ ಒಂದು ತುಂಡು ಮಾತ್ರ.

"ಭಾವ, ನನ್ನಿಂದಾನೇ ಇದು ಆಗ್ತಿರೋದು."

ಭಾವ ಸ್ಪ್ಯಾನರ್ ಕೆಳಗಿಟ್ಟರು. ಹೊಡೆಯಲು ಎದ್ದಿದ್ದ ಮನುಷ್ಯನ ಕಣ್ಣಲ್ಲಿ ನೀರು ತುಂಬಿತು. ಕಡೆಗೂ ಬಾಯಿ ಬಿಟ್ಟೆಯಲ್ಲಪ್ಪ ಎಂದು ಗ್ರೀಸಿನ ಕೈಯನ್ನು ಅವನ ಹೆಗಲ ಮೇಲಿಟ್ಟರು. ಅವರು ಹೇಳುತ್ತಿರುವುದು ಅದಲ್ಲ ಅಣ್ಣಾ, ಅಂಗಡಿಯ ಪುಡಿ ಎಂದು ಅವಳು ಕೂಗಿದಳು. ಅವನೇ ಒಪ್ಪಿಕೊಂಡ ಮೇಲೂ ಅವನ ಪರ ವಹಿಸುತ್ತೀಯಲ್ಲ ಎಂದು ಅಣ್ಣ ಅವಳನ್ನೂ ಮಗುವನ್ನೂ ಮೆಲ್ಲಗೆ ಒಳಗೆ ದೂಡಿ ಬಾಗಿಲೆಳೆದುಕೊಂಡರು.

"ತಪ್ಪು ಎಲ್ಲರೂ ಮಾಡ್ತಾರೆ. ಭಾನುವಾರ ಭಾನುವಾರ ಬಾ, ಅವರಿಬ್ಬರನ್ನೂ ನೋಡ್ಕೊಂಡು ಹೋಗು, ನಾನು ಬೇಡ ಅನ್ನಲ್ಲ," ಎಂದರು ಭಾವ. "ಆದ್ರೆ ಇನ್ಮೇಲೆ ಅವಳ ಮೇಲೆ ಕೈ ಮಾಡಲ್ಲ ಅಂತ ನನಗೆ ಮಾತು ಕೊಡು."

ಒಳಗಿನಿಂದ ಮಗಳು ಅಪ್ಪಾ ಎಂದು ಕರೆಯುತ್ತಿದ್ದಳು. ಹೊಡೆದೇ ಇಲ್ಲ ಎಂದರೆ ಭಾನುವಾರವೂ ಹೋಗುತ್ತದೆ ಎಂದು ಅವನಿಗೆ ಗೊತ್ತಿತ್ತು. ಮಾತು ಕೊಟ್ಟರೆ ಇಷ್ಟು ದಿನ ಹೊಡೆದದ್ದನ್ನು ಒಪ್ಪಿಕೊಂಡ ಹಾಗಾಗುತ್ತದೆ ಎಂದೂ ಗೊತ್ತಿತ್ತು.

"ಮಾಡಲ್ಲ, ಭಾವ," ಎಂದು ಅವನು ಮಾತು ಕೊಟ್ಟ.