ಉಮ್ಮನ ಒಂದೇ ಕಿವಿಯ ಇಯರ್‌ಫೋನ್

ಮೊನ್ನೆ ಶುಕ್ರವಾರ ದೇವರಿಗೆ ದೀಪ ಇಟ್ಟು ಬಂದು ಹಾಲ್‌ನ ಶೋಕೇಸ್ ಒರೆಸುತ್ತಿದ್ದೆ. ಕೆಳಗಿನ ಅರೆಯಲ್ಲಿದ್ದ ಕಪ್ಪು ಪೆಟ್ಟಿಗೆಯ ಮುಚ್ಚಳ ತೆಗೆದದ್ದೇ, ಹಳೆಯ ರಬ್ಬರ್ ಚಪ್ಪಲಿ ಬಿಸಿಲಿಗೆ ಬಿದ್ದಾಗ ಬರುವಂಥ ವಾಸನೆ ಮೂಗಿಗೆ ಬಡಿಯಿತು. ಒಳಗಿದ್ದದ್ದು ಹೆಡ್‌ಫೋನ್. ಕೈಗೆ ಎತ್ತಿಕೊಂಡರೆ, ಕಿವಿಯ ಮೇಲೆ ಕೂರುವ ಮೆತ್ತೆಯ ಚರ್ಮ ಸುಟ್ಟ ಹಪ್ಪಳದ ಹಾಗೆ ಪುಡಿಪುಡಿಯಾಗಿ ಉದುರಿತು. ಬಿಳಿ ಬಟ್ಟೆಯ ತುಂಬ ಕಪ್ಪು ಚೂರು, ಬೆರಳಿಗೆಲ್ಲ ಅಂಟು.

ನಮ್ಮವರು ಪೇಪರಿನಿಂದ ತಲೆ ಎತ್ತಿ ನೋಡಿ, ಅಷ್ಟು ಕ್ರಯದ್ದು ಹೀಗಾಯಿತಲ್ಲ ಎಂದು ನೊಂದುಕೊಂಡರು. ಅವರದ್ದೊಂದು ನಂಬಿಕೆ. ಹೆಚ್ಚು ಕೊಟ್ಟು ತಂದದ್ದು ಹೆಚ್ಚು ಕಾಲ ಬಾಳುತ್ತದೆ ಎಂದು. ಮಿಕ್ಸಿಯ ವಿಷಯದಲ್ಲಿ ಇರಬಹುದು, ಕೊಡೆಯ ವಿಷಯದಲ್ಲಿಯೂ ಇರಬಹುದು. ಕಿವಿಗೆ ಹಾಕುವ ಈ ಸಾಮಾನಿನ ವಿಷಯದಲ್ಲಿ ಮಾತ್ರ ನಾನು ಒಪ್ಪುವುದಿಲ್ಲ, ಯಾರು ಹೇಳಿದರೂ ಒಪ್ಪುವುದಿಲ್ಲ. ನಾನು ಕಣ್ಣಾರೆ ಕಂಡದ್ದು ಬೇರೆ. ಕಾಣಿಸಿದವರು ನಮ್ಮ ಎದುರು ಮನೆಯ ಉಮ್ಮ. ಈ ಹೆಡ್‌ಫೋನ್ ಅವರದ್ದೇ. ಅವರು ಅದನ್ನು ತಲೆಗೆ ಏರಿಸಿದ್ದು ಒಂದೇ ಒಂದು ಸಲ.

ಫಳ್ನೀರಿನ ನಮ್ಮ ಹಳೆಯ ಅಪಾರ್ಟ್‌ಮೆಂಟಿನಲ್ಲಿ ನಮ್ಮ ಬಾಗಿಲಿಗೆ ನೇರ ಎದುರಾಗಿ ಅವರ ಬಾಗಿಲು. ಬ್ಯಾರಿ ಮುಸ್ಲಿಮರು, ಬಟ್ಟೆ ವ್ಯಾಪಾರದ ಮನೆತನ. ಯಜಮಾನರು ತೀರಿಕೊಂಡು ಬಹಳ ಕಾಲವಾಗಿತ್ತು. ಕಿರಿಯ ಮಗ ಅಂಗಡಿ ನೋಡಿಕೊಳ್ಳುತ್ತಿದ್ದ, ಹಿರಿಯ ಮಗ ದುಬೈಯಲ್ಲಿದ್ದ. ಉಮ್ಮ ಎಂದರೆ ಅಮ್ಮ; ಇಡೀ ಬಿಲ್ಡಿಂಗಿಗೆ ಅವರು ಉಮ್ಮ, ನನಗೂ ಉಮ್ಮ. ಅಷ್ಟಮಿಗೆ ಎಲೆಯ ಕೊಟ್ಟೆಯಲ್ಲಿ ಬೇಯಿಸಿದ ಮೂಡೆ ನಮ್ಮ ಮನೆಯಿಂದ ಆಚೆ ಹೋಗುತ್ತಿತ್ತು, ಹಬ್ಬದ ತುಪ್ಪದನ್ನ ಅವರ ಮನೆಯಿಂದ ಈಚೆ ಬರುತ್ತಿತ್ತು. ನಾವಿಬ್ಬರೂ ಮಾತಾಡುತ್ತಿದ್ದುದು ತುಳುವಿನಲ್ಲಿ. ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಅವರ ಬಾಯಿಯ ರುಚಿ ಎಷ್ಟು ಉಳಿಯುತ್ತದೋ ಗೊತ್ತಿಲ್ಲ…

ಅವರ ಎರಡೂ ಕಿಡ್ನಿ ಕೈಕೊಟ್ಟವು. ವಾರಕ್ಕೆ ಮೂರು ಸಲ ಡಯಾಲಿಸಿಸ್. ಆಸ್ಪತ್ರೆ ನಮ್ಮಿಂದ ನಡೆದು ಹೋಗುವಷ್ಟು ಹತ್ತಿರ, ಅದೂ ದೇವರ ದಯೆ. ಸೊಸೆಗೆ ಆಗ ಬಾಣಂತನ, ಮಗನಿಗೆ ಅಂಗಡಿ ತೆರೆಯುವ ಹೊತ್ತು. ಹಾಗಾಗಿ ನಾನು ಜೊತೆಗೆ ಹೋಗತೊಡಗಿದೆ. ಬಾಣಂತನ ಮುಗಿದ ಮೇಲೂ ಉಮ್ಮ ನನ್ನನ್ನು ಬಿಡಲಿಲ್ಲ. ಸೊಸೆ ದಾರಿಯಲ್ಲಿ ಫೋನು ನೋಡುತ್ತಾ ನಡೆಯುತ್ತಾಳೆ, ನಾನಾದರೆ ಜನರನ್ನು ನೋಡುತ್ತಾ ನಡೆಯುತ್ತೇನೆ ಎಂದು ಅವರ ವಾದ. ಹೊಗಳಿದ್ದೋ ಕುಟುಕಿದ್ದೋ ನನಗೆ ಇವತ್ತಿಗೂ ತಿಳಿಯದು.

ನಾಲ್ಕು ಗಂಟೆ ಒಂದೇ ಕಡೆ ಮಲಗಿರಬೇಕು. ಸೂಜಿ ಚುಚ್ಚಿದ ಕೈ ಅಲುಗಾಡಿಸಬಾರದು. ಮೇಲೆ ಟಿವಿಯ ಗಲಾಟೆ. ಉಮ್ಮನಿಗೆ ಕುರ್‌ಆನ್ ಓದು ಕೇಳಬೇಕು, ಅದು ಮುಗಿದರೆ ತುಳು ನಾಟಕದ ತಮಾಷೆ ಕೇಳಬೇಕು. ಫೋನಿನ ಶಬ್ದ ಹೊರಗೆ ಬರಬಾರದು ಎಂದು ಸಿಸ್ಟರ್ ಹೇಳಿದ್ದರಿಂದ ಫುಟ್‌ಪಾತಿನಲ್ಲಿ ಬಾಚಣಿಗೆ, ಮೊಬೈಲ್ ಕವರು ಇಟ್ಟುಕೊಂಡು ಕೂರುವವನ ಹತ್ತಿರ ಒಂದು ಇಯರ್‌ಫೋನ್ ತೆಗೆದೆವು. ಅವನ ಹತ್ತಿರ ಇದ್ದುದರಲ್ಲೇ ಅಗ್ಗದ್ದು. ಅದಕ್ಕೂ ಉಮ್ಮ ಚರ್ಚೆ ಮಾಡಿ ಕಡಿಮೆ ಮಾಡಿಸಿದರು.

ಅವರು ವಯರನ್ನು ತಲೆವಸ್ತ್ರದ ಒಳಗಿನಿಂದ ತಂದು, ಕತ್ತಿನ ಹತ್ತಿರ ಸೇಫ್ಟಿ ಪಿನ್ನಿನಿಂದ ಸಿಕ್ಕಿಸಿಕೊಳ್ಳುತ್ತಿದ್ದರು. ಪಿನ್ನಿನ ಜಾಗದಲ್ಲೇ ವಯರು ಮಡಚಿ ಮಡಚಿ ಒಳಗೆ ತುಂಡಾಗುತ್ತಿತ್ತು. ಮೊದಲು ಒಂದು ಕಿವಿ ಹೋಗುವುದು, ಆಮೇಲೆ ಇನ್ನೊಂದು. ಪಿನ್ ತೆಗೆಯಿರಿ ಎಂದು ನಾನು ಹೇಳಿದರೆ, ವಸ್ತ್ರ ಜಾರುವುದಕ್ಕಿಂತ ವಯರು ಹೋಗುವುದು ಒಳ್ಳೆಯದು ಎಂದುಬಿಡುತ್ತಿದ್ದರು. ಪೂರ್ತಿ ಸತ್ತದ್ದನ್ನು ಬಿಸಾಡುತ್ತಿರಲಿಲ್ಲ. ಅಡುಗೆಮನೆಯಲ್ಲಿ ನಮಾಜಿನ ವೇಳೆಯ ಕ್ಯಾಲೆಂಡರ್ ತೂಗುವ ಮೊಳೆಗೇ ಅದನ್ನೂ ನೇತುಹಾಕುತ್ತಿದ್ದರು.

ಒಂದು ಸಲ ಹಿರಿಯ ಮಗ ರಜೆಯಲ್ಲಿ ಬಂದ. ಬಜಪೆಯ ವಿಮಾನ ನಿಲ್ದಾಣದಲ್ಲಿ ಇಳಿದವನು ಮನೆಗೂ ಬಾರದೆ ನೇರ ಆಸ್ಪತ್ರೆಗೇ ಬಂದಿದ್ದ. ಉಮ್ಮನ ಮೇಲೆ ಅಷ್ಟು ಪ್ರೀತಿ, ಅದನ್ನು ಇಲ್ಲ ಎನ್ನಲಾರೆ. ನಾನು ಅವನಿಗೆ ಚಾ ತರಲು ಕ್ಯಾಂಟೀನಿಗೆ ಹೋದಾಗ ಡಾಕ್ಟರು ಬಂದಿದ್ದರಂತೆ. ಮಂಚದ ಕಾಲ ಬಳಿಯೇ ನಿಂತು ಇಬ್ಬರೂ ಮಾತಾಡಿದ್ದಾರೆ. ಉಮ್ಮ ಕಣ್ಣು ಮುಚ್ಚಿದ್ದರು, ಎರಡು ಕಿವಿಯಲ್ಲೂ ವಯರಿತ್ತು.

ಹಿಂದೆ ಬರುವಾಗ ಮಗ ಔಷಧಿ ಅಂಗಡಿಯಲ್ಲಿ ನಿಂತ. ನಾವಿಬ್ಬರು ಮೆಲ್ಲ ಮೆಲ್ಲ ನಡೆದೆವು. ಉಮ್ಮ ಮೀನಿನ ಕ್ರಯ ಹೇಳುವ ಹಾಗೆ ಹೇಳಿದರು.

"ಮಳೆಗಾಲ ದಾಟುವುದು ಕಷ್ಟ ಅಂತೆ."

ಯಾರಿಗೆ ಎಂದು ಕೇಳಿದೆ.

"ನನಗೆ ಮಾರಾಯ್ತಿ, ಮತ್ಯಾರಿಗೆ? ಡಾಕ್ಟ್ರು ಮಗನ ಹತ್ರ ಹೇಳಿದ್ರು. ಉಮ್ಮನಿಗೆ ಗೊತ್ತಾಗ್ಬಾರ್ದು ಅಂತ ಇವ ಹೇಳಿದ."

ನನ್ನ ಕಾಲು ಅಲ್ಲೇ ನಿಂತಿತು. ಕಿವಿಯಲ್ಲಿ ಓದು ಇತ್ತಲ್ಲ ಎಂದೆ.

"ಎಡದ್ದು ಸತ್ತು ಎಷ್ಟು ದಿವಸ ಆಯ್ತು! ಬಲದ ಕಿವಿಯಲ್ಲಿ ಓದು, ಎಡದ ಕಿವಿಯಲ್ಲಿ ಡಾಕ್ಟ್ರು."

ಎಂದು ಹೇಳಿ ನಕ್ಕರು. ನನಗೆ ನಗು ಬರಲಿಲ್ಲ. ಅವರು ಕೇಳಿಸಿಕೊಂಡದ್ದು ಅಷ್ಟೇ ಅಲ್ಲ. ಮಗ ಬಜಪೆಯಲ್ಲಿ ಹೊಸ ಮನೆ ಕಟ್ಟಿಸಿದ್ದ. ಮಳೆಗೆ ಮೊದಲೇ ಉಮ್ಮನನ್ನು ಅಲ್ಲಿಗೆ ಕರೆದುಕೊಂಡು ಹೋಗುವುದು, ಕೊನೆಯ ದಿನಗಳು ಅಲ್ಲಿ ಶಾಂತವಾಗಿ ಕಳೆಯಲಿ ಎಂದೂ ಅಲ್ಲೇ ತೀರ್ಮಾನವಾಗಿತ್ತು. ಕೊನೆಯ ದಿನಗಳ ಮಾತು ಕೇಳಿದಾಗ ಅವರಿಗೆ ಭಯವಾಗಲಿಲ್ಲವಂತೆ. ತನ್ನ ಅಡುಗೆಮನೆ, ತನ್ನ ಕಿಟಕಿ, ಎದುರು ಬಾಗಿಲು ಎಲ್ಲವನ್ನೂ ತನ್ನನ್ನು ಒಂದು ಮಾತು ಕೇಳದೆ ಬಿಡಿಸುತ್ತಾರಲ್ಲ ಎಂದು ಮಾತ್ರ ಸಿಟ್ಟು ಬಂತಂತೆ. ನನ್ನಿಂದ ಮಾತು ತೆಗೆದುಕೊಂಡರು, ಯಾರಿಗೂ ಹೇಳಬಾರದು ಎಂದು. ಆ ಸಂಜೆ ದೀಪದ ಮುಂದೆ ಕೂತಾಗ, ದಿನದ ಉಪಕಾರಗಳನ್ನೆಲ್ಲ ನೆನೆಸಿಕೊಳ್ಳುವ ನನಗೆ ಬಾಯಿಗೆ ಏನೂ ಬರಲಿಲ್ಲ. ಕಡೆಗೆ, ಸದ್ಯ, ಎಡದ್ದು ಕೆಟ್ಟಿತಲ್ಲ ದೇವರೆ, ಎಂದೆ.

ಮರುದಿನವೇ ಅವರ ಮನೆಯಲ್ಲಿ ದುಬೈಯ ಪೆಟ್ಟಿಗೆ ಬಿಚ್ಚಿದರು. ಹಾಗೆ ಬಿಚ್ಚುವಾಗ ಎದುರು ಮನೆಯವರನ್ನೂ ಕರೆಯುವುದು ಅವರ ಕ್ರಮ. ಬಾದಾಮಿ, ಸೆಂಟು, ಮಕ್ಕಳಿಗೆ ಚಾಕಲೇಟು ಎಲ್ಲ ಹಂಚಿಯಾದ ಮೇಲೆ ಮಗ ಈ ಕಪ್ಪು ಪೆಟ್ಟಿಗೆ ತೆಗೆದ. ಕ್ರಯ ಅವನು ಹೇಳಲಿಲ್ಲ, ತಮ್ಮ ಹೇಳಿದ. ಸೊಸೆ ಬಾಯಿಯ ಮೇಲೆ ಕೈ ಇಟ್ಟಳು. ಇದನ್ನು ಹಾಕಿದರೆ ಹೊರಗಿನ ಒಂದು ಶಬ್ದವೂ ಒಳಗೆ ಬರುವುದಿಲ್ಲ, ಹತ್ತು ವರ್ಷ ಬಾಳುತ್ತದೆ ಎಂದು ಮಗ ವಿವರಿಸಿದ. ಆಮೇಲೆ, ಏನೋ ಮೊದಲೇ ಗೊತ್ತಿದ್ದ ಮಾತೆಂಬಂತೆ, ಬಜಪೆಯಿಂದ ಆಸ್ಪತ್ರೆಗೆ ಕಾರಿನಲ್ಲಿ ಬರುವಾಗ ಟ್ರಾಫಿಕ್ಕಿನ ಗಲಾಟೆಯೂ ಕೇಳುವುದಿಲ್ಲ ಎಂದ. ತಲೆವಸ್ತ್ರದ ಮೇಲಿನಿಂದಲೇ ಅದನ್ನು ಉಮ್ಮನಿಗೆ ತೊಡಿಸಿದ.

ದೊಡ್ಡ ಕಪ್ಪು ಮೆತ್ತೆಗಳ ನಡುವೆ ಅವರ ಮುಖ ಸಣ್ಣದಾಗಿ ಕಾಣುತ್ತಿತ್ತು. ಚಂದ ಉಂಟು ಎಂದು ಒಬ್ಬರು, ವಿಮಾನ ಓಡಿಸುವವರ ಹಾಗೆ ಉಂಟು ಎಂದು ಇನ್ನೊಬ್ಬರು. ಅಷ್ಟರಲ್ಲಿ ಅಣ್ಣ ತಮ್ಮ ಬ್ಯಾರಿಯಲ್ಲಿ ತಗ್ಗಿದ ಸ್ವರದಲ್ಲಿ ಮಾತಿಗೆ ಶುರುಮಾಡಿದರು, ಬಜಪೆಗೆ ಮಂಚ ಯಾವಾಗ ಸಾಗಿಸುವುದು ಎಂದು. ಅವರ ಭಾಷೆ ನನಗೆ ಅಷ್ಟಿಷ್ಟು ಅರ್ಥವಾಗುತ್ತದೆ. ಉಮ್ಮ ಅವರಿಬ್ಬರ ಬಾಯಿ ಅಲ್ಲಾಡುವುದನ್ನು ನೋಡುತ್ತಾ ಇದ್ದರು. ನೋಡಿ ನೋಡಿ, ಹೆಡ್‌ಫೋನನ್ನು ಎರಡು ಕೈಯಲ್ಲಿ ತೆಗೆದು ಮಡಿಲಲ್ಲಿ ಇಟ್ಟುಕೊಂಡರು.

"ಈಗ ನೀವು ಮಾತಾಡಿದ್ದು ನನ್ನ ವಿಷಯವೇ ಅಲ್ವಾ?"

ತಮ್ಮ ಬಾದಾಮಿಯ ಪೊಟ್ಟಣ ಕಟ್ಟತೊಡಗಿದ.

"ಇದು ಹತ್ತು ವರ್ಷ ಬಾಳ್ತದೆ ಅಂತ ನೀನು ಹೇಳ್ತಿ. ನಾನು ಮಳೆಗಾಲ ದಾಟುವುದಿಲ್ಲ ಅಂತ ಡಾಕ್ಟ್ರು ಹೇಳ್ತಾರೆ. ಹಾಗಾದ್ರೆ ಇದು ನನಗಲ್ಲ ಮೋನೇ, ನಿನಗೆ."

ಮಗನ ಮುಖದ ರಕ್ತ ಇಳಿದದ್ದು ನನಗೆ ಕಂಡಿತು. ಅವನು ಉಮ್ಮ ಎಂದು ಅವರ ಕೈ ಹಿಡಿದ. ಉಮ್ಮ ಸ್ವರ ಏರಿಸಲೂ ಇಲ್ಲ, ಇಳಿಸಲೂ ಇಲ್ಲ.

"ಅಲ್ಲಾಹು ಬರೆದದ್ದು ಡಾಕ್ಟ್ರಿಗೆ ಎಲ್ಲಿ ಕಾಣ್ತದೆ? ಅಲ್ಲಿವರೆಗೆ ನಾನು ಈ ಮನೆಯಲ್ಲೇ ಇರುವುದು. ನಿನ್ನ ಬಜಪೆ ಮನೆಗೆ ಹಬ್ಬಕ್ಕೆ ಬರ್ತೇನೆ, ಉಂಡು ಹಿಂದೆ ಬರ್ತೇನೆ. ಇನ್ನು ಮೇಲೆ ನನ್ನ ವಿಷಯ ಮಾತಾಡುವುದಿದ್ರೆ ನನಗೆ ಕೇಳುವ ಹಾಗೆ ಮಾತಾಡಿ."

ಅಷ್ಟು ದೊಡ್ಡ ಗಂಡಸು ಅವರ ಕಾಲ ಬಳಿ ನೆಲದಲ್ಲಿ ಕೂತು ಅತ್ತ. ಉಮ್ಮ ಅವನ ತಲೆ ಸವರಿದರು. ಆದರೆ ಮಾತು ಬದಲಿಸಲಿಲ್ಲ. ಹೆಡ್‌ಫೋನ್ ಪೆಟ್ಟಿಗೆ ಸೇರಿತು, ಪೆಟ್ಟಿಗೆ ಶೋಕೇಸ್ ಸೇರಿತು. ಕಡಲಾಚೆಯಿಂದ ಬಂದ ಸಾಮಾನಿಗೆ ನಮ್ಮೂರಿನ ಮನೆಗಳಲ್ಲಿ ಅದೇ ಜಾಗ ತಾನೆ.

ಮುಂದಿನ ಸಲ ಆಸ್ಪತ್ರೆಗೆ ಹೋಗುವಾಗ ಉಮ್ಮ ಫುಟ್‌ಪಾತಿನವನ ಮುಂದೆ ನಿಂತು ಕೆಂಪು ವಯರಿನದ್ದೊಂದು ಆರಿಸಿದರು. ಇದು ಮಳೆಗಾಲ ದಾಟುತ್ತದಾ ಎಂದು ಕೇಳಿದರು. ಗ್ಯಾರಂಟಿ ಇಲ್ಲ ಉಮ್ಮ ಎಂದ ಅವನು.

"ನನಗೂ ಇಲ್ಲ. ಕೊಡು."

ಆ ಮಳೆಗಾಲ ನಾನು ಕೊಡೆ ಹಿಡಿದು ಹೇಗೆ ಅವರನ್ನು ಕರೆದುಕೊಂಡು ಹೋಗಿ ಬಂದೆನೋ ದೇವರಿಗೇ ಗೊತ್ತು. ರಸ್ತೆಯಲ್ಲಿ ಮೊಣಗಂಟಿನವರೆಗೆ ನೀರು, ರಿಕ್ಷಾದವರು ಬರುವುದಿಲ್ಲ. ಉಮ್ಮ ಯಾವಾಗಲೂ ಧೈರ್ಯದ ಮೂರ್ತಿಯಾಗಿದ್ದರು ಎಂದು ಬರೆದರೆ ಸುಳ್ಳಾಗುತ್ತದೆ. ಮೈ ತುರಿಕೆಗೆ ಅಳುತ್ತಿದ್ದರು. ಬಾಯಾರಿಕೆಗೆ ಒಂದು ಐಸ್ ತುಂಡು ಚೀಪುತ್ತಾ, ಕುಡಿಯಲು ಬಿಡದ ಡಾಕ್ಟರಿಗೆ ಶಾಪ ಹಾಕುತ್ತಿದ್ದರು. ಆದರೆ ಆ ಡಾಕ್ಟರು ಈಗ ಮಂಚದ ಕಾಲ ಬಳಿ ನಿಲ್ಲುತ್ತಿರಲಿಲ್ಲ. ಸ್ಟೂಲ್ ಎಳೆದು ತಲೆಯ ಹತ್ತಿರ ಕೂತು, ಅವರಿಗೇ ಹೇಳುತ್ತಿದ್ದರು. ಹೊಸ ಇಯರ್‌ಫೋನಿನ ಎರಡೂ ಕಿವಿ ಸರಿಯಿದ್ದರೂ ಉಮ್ಮ ಬಲದ್ದನ್ನು ಮಾತ್ರ ಹಾಕುತ್ತಿದ್ದರು. ಸಿಸ್ಟರ್ ಪಾಪದವಳು, ಬಿದ್ದಿದೆ ಎಂದು ಎಡದ್ದನ್ನೂ ಸಿಕ್ಕಿಸಿ ಹೋಗುವಳು. ಅವಳು ಆಚೆ ತಿರುಗಿದ್ದೇ, ನನಗೆ ಕಣ್ಣಿನಲ್ಲೇ ಹೇಳಿ ತೆಗೆಸುವರು.

ಸೋಣ ತಿಂಗಳಿನಲ್ಲಿ, ಮಳೆ ಹಿಂದೆ ಸರಿಯುವ ಹೊತ್ತಿಗೆ, ಕೆಂಪು ವಯರು ಸತ್ತಿತು. ಆವತ್ತು ಅವರ ಸಂಭ್ರಮ ನೋಡಬೇಕಿತ್ತು. ನನ್ನನ್ನು ಅಡುಗೆಮನೆಗೆ ಕರೆದು, ನನ್ನ ಎದುರೇ ಮೊಳೆಗೆ ನೇತುಹಾಕಿ, ಅಲ್ಹಮ್ದುಲಿಲ್ಲಾಹ್ ಎಂದು ಮುಖ ಸವರಿಕೊಂಡರು.

"ಇದು ಹೋಯ್ತು. ನಾನುಂಟು."

ಆಮೇಲೆ ಬಿಳಿಯದ್ದು ಬಂತು, ಹೋಯಿತು. ಹಸಿರಿನದ್ದು… ಬಿಳಿಗಿಂತ ಮೊದಲೋ ನಂತರವೋ, ಮರೆತೆ. ಕೊನೆಗೆ ಬಂದದ್ದು ನೀಲಿಯದ್ದು. ಇನ್ನೊಂದು ಅಷ್ಟಮಿಯ ಮೂಡೆ ತಿಂದರು. ಬಜಪೆ ಮನೆಗೆ ಹಬ್ಬಕ್ಕೆ ಹೋದರು, ಹೇಳಿದ ಹಾಗೆಯೇ ಉಂಡು ಹಿಂದೆ ಬಂದರು. ಇನ್ನೊಂದು ಮಳೆಗಾಲವೂ ದಾಟಿತು.

ನಮ್ಮೂರಿನಲ್ಲಿ ಹೆಸರಿಗೆ ಮಾತ್ರ ಚಳಿ ಎನ್ನುವ ಆ ದಿನಗಳಲ್ಲಿ, ಒಂದು ಬೆಳಗ್ಗೆ ಆಸ್ಪತ್ರೆಗೆ ಹೊರಡಲು ನಾನು ಅವರ ಬೆಲ್ ಒತ್ತಿದೆ. ಸೊಸೆ ಬಾಗಿಲು ತೆರೆದು, ಉಮ್ಮ ಆಗಲೇ ತಯಾರಾಗಿ ಕೂತಿದ್ದಾರೆ ಎಂದಳು. ಹೌದು, ಕೂತಿದ್ದರು. ಚಪ್ಪಲಿ ಹಾಕಿಯಾಗಿತ್ತು, ಚೀಲ ಮಡಿಲಲ್ಲಿತ್ತು. ಕರೆದೆ. ಹತ್ತಿರ ಹೋಗಿ ಕೈ ಮುಟ್ಟಿದೆ… ಬಲದ ಕಿವಿಯಿಂದ ನೀಲಿ ವಯರಿನ ಆ ಗುಂಡಿಯನ್ನು ತೆಗೆದು ಅಂಗೈಯಲ್ಲಿ ಹಿಡಿದೆ. ಓದು ಸಣ್ಣಗೆ ಕೇಳುತ್ತಲೇ ಇತ್ತು.

ಉಮ್ಮ ಹೋದ ಮೇಲೆ ತಮ್ಮನ ಸಂಸಾರವೂ ಬಜಪೆಗೆ ಹೊರಟು ಮನೆ ಖಾಲಿ ಮಾಡುವಾಗ ಹಿರಿಯ ಮಗ ಈ ಕಪ್ಪು ಪೆಟ್ಟಿಗೆಯನ್ನು ತಂದು ನನ್ನ ಕೈಗಿಟ್ಟ. ನೀವೇ ಇಟ್ಟುಕೊಳ್ಳಿ ಅಕ್ಕ, ನನಗೆ ನೋಡಲಿಕ್ಕೆ ಆಗುವುದಿಲ್ಲ ಎಂದ. ನಾನು ನೀಲಿಯದ್ದನ್ನೂ ಕೇಳಿ ತೆಗೆದುಕೊಂಡೆ. ಪೆಟ್ಟಿಗೆಯನ್ನು ನಾನೂ ಶೋಕೇಸಿನಲ್ಲೇ ಇಟ್ಟೆ. ಕಡಲಿನ ಗಾಳಿ, ನಮ್ಮೂರಿನ ಸೆಕೆ, ಗಾಜಿನ ಹಿಂದೆಯೂ ಅದನ್ನು ಬಿಡಲಿಲ್ಲ. ಒಂದು ಹಾಡು ಹಾಡದೆ, ಒಬ್ಬರ ಬೆವರು ಕಾಣದೆ ಮುದಿಯಾಯಿತು. ನೀಲಿಯದ್ದು ದಿನಾ ನನ್ನ ಅಡುಗೆಮನೆಯ ಹೊಗೆ ಕುಡಿಯುತ್ತದೆ, ಮೀನು ಹುರಿಯುವಾಗ ಎಣ್ಣೆ ಸಿಡಿಸಿಕೊಳ್ಳುತ್ತದೆ. ಅದರ ಎಡದ್ದು ಸತ್ತು ಬಹಳ ಕಾಲವಾಯಿತು. ಬಲದ್ದರಲ್ಲಿ ನನ್ನ ಭಜನೆ ಸಾಗುತ್ತಲೇ ಇದೆ. ಅಗ್ಗದ್ದೇ ಬಾಳುತ್ತದೆ ಎಂದು ನಾನು ಯಾರಿಗೂ ಹೇಳಲು ಹೊರಟಿಲ್ಲ. ಮೊಳೆಗೆ ಹೋದವುಗಳನ್ನೂ ನೋಡಿದ್ದೇನೆ. ಹತ್ತು ವರ್ಷ ಎಂದು ಮೊದಲೇ ಹೇಳುವವರ ಮಾತು, ಮಳೆಗಾಲದವರೆಗೆ ಎಂದು ಮೊದಲೇ ಹೇಳುವವರ ಮಾತು, ಎರಡನ್ನೂ ನಾನು ನಂಬುವುದಿಲ್ಲ, ಅಷ್ಟೇ.

ಹೋದ ವಾರ ನನ್ನ ಮೊಣಗಂಟಿನ ನೋವಿಗೆ ತೋರಿಸಲು ಹೋಗಿದ್ದೆವು. ಡಾಕ್ಟರು ಎಕ್ಸ್‌ರೇ ಎತ್ತಿ ಹಿಡಿದು, ಆಪರೇಶನ್ ವಿಷಯವನ್ನೆಲ್ಲ ನಮ್ಮವರಿಗೆ ವಿವರಿಸತೊಡಗಿದರು. ನಾನು, "ಗಂಟು ನನ್ನದು ಡಾಕ್ಟ್ರೇ, ನನ್ನ ಹತ್ರ ಹೇಳಿ," ಎಂದೆ. ನಮ್ಮವರಿಗೆ ನಾಚಿಕೆಯಾಯಿತಂತೆ. ಆಗಲಿ.

ಮೊನ್ನೆ ಆ ಕಪ್ಪು ಚೂರುಗಳನ್ನು ಗುಡಿಸುವಾಗ ನಮ್ಮವರು, ಮೆತ್ತೆ ಮಾತ್ರ ಬೇರೆ ಸಿಗುತ್ತದೆ, ತರಿಸುವ ಎಂದರು. ಬೇಡ ಎಂದೆ. ಅಡುಗೆಮನೆಯಲ್ಲಿ ಕ್ಯಾಲೆಂಡರಿನ ಮೊಳೆಗೆ ಆ ದುಬಾರಿ ಹೆಡ್‌ಫೋನನ್ನು ನೇತುಹಾಕಿದೆ.

"ಇದೂ ಹೋಯ್ತು ಉಮ್ಮ. ನಾನುಂಟು," ಎಂದೆ, ಗಟ್ಟಿಯಾಗಿಯೇ.

ಎದುರು ಮನೆಯಲ್ಲಿ ಈಗ ಬಾಡಿಗೆಯವರಿದ್ದಾರೆ, ಬಾಗಿಲು ಮುಚ್ಚಿಯೇ ಇರುತ್ತದೆ. ಅಲ್ಲಿಂದ ಯಾರೂ ಓಗೊಡುವುದಿಲ್ಲ ಎಂದು ನನಗೆ ಗೊತ್ತು… ಬಲಕ್ಕೆ ನೀಲಿ ವಯರು ಸಿಕ್ಕಿಸಿ, ಎಡಗಿವಿಯನ್ನು ಖಾಲಿ ಬಿಟ್ಟುಕೊಂಡು, ಸಾರಿಗೆ ಒಗ್ಗರಣೆ ಹಾಕಿದೆ.