ಹಣೆ ನಿದ್ದೆಹೋದ ಮೂರು ತಿಂಗಳು

ಪ್ರಶ್ನೆ ಕೇಳಿ ಕೇಳಿಯೇ ಅವಳ ಹಣೆಗೆ ಗೆರೆ ಬಿದ್ದಿತ್ತು. ಅವಳು ಸನ್ನೆಭಾಷೆಯ ದುಭಾಷಿ. ಕಿವುಡರು ಕೈಯಲ್ಲಿ ಆಡಿದ್ದನ್ನು ಬಾಯಿಗೆ ತರುವುದು, ಮಿಕ್ಕವರು ಬಾಯಲ್ಲಿ ಆಡಿದ್ದನ್ನು ಕೈಗೆ ತರುವುದು ಅವಳ ಕೆಲಸ. ಆಸ್ಪತ್ರೆ, ಕೋರ್ಟು, ಬ್ಯಾಂಕು ಎಂದು ದಿನವಿಡೀ ಸುತ್ತಾಟ. ವಾರ ಬಿಟ್ಟು ವಾರ ಸಂಜೆಯ ಟೀವಿ ವಾರ್ತೆಯಲ್ಲಿ ಮೂಲೆಯ ಪುಟ್ಟ ಚೌಕದೊಳಗೆ ನಿಂತು ಕೈ ಆಡಿಸುವುದು. ಅಪ್ಪ ಅಮ್ಮ ಇಬ್ಬರೂ ಹುಟ್ಟುಕಿವುಡರಾದ್ದರಿಂದ ಅವಳಿಗೆ ಮಾತು ಬರುವ ಮೊದಲೇ ಸನ್ನೆ ಬಂದಿತ್ತು. ಹಸಿವಾಯಿತೆಂದು ಅತ್ತ ಮಗುವಲ್ಲ ಅದು, ಕೈ ತೋರಿಸಿ ಹೇಳಿದ ಮಗು.

ಐವತ್ತೆರಡನೆಯ ವಯಸ್ಸಿನವರೆಗೆ ಅವಳು ಕನ್ನಡಿಯನ್ನು ಬಾಚಣಿಗೆಯ ಜೊತೆಗಾರ ಎಂದಷ್ಟೇ ತಿಳಿದಿದ್ದಳು. ಒಂದು ದಿನ ನಾದಿನಿ ಮೊಬೈಲಿನಲ್ಲಿ ಒಂದು ಚಿತ್ರ ಹಿಡಿದುಕೊಂಡು ಬಂದಳು. ವಾರ್ತೆಯ ನಡುವೆ ಯಾರೋ ಸೆರೆಹಿಡಿದಿದ್ದ ಚೌಕ ಅದು.

"ಅತ್ತಿಗೆ, ಇಲ್ಲಿ ನೋಡಿ. ಹವಾಮಾನ ವರದಿ ಹೇಳ್ತಿದ್ದೀರೋ, ಯಾರಿಗಾದ್ರೂ ಶಾಪ ಹಾಕ್ತಿದ್ದೀರೋ?"

ಹಣೆಯ ಮೇಲೆ ಮೂರು ಅಡ್ಡಗೆರೆ, ಹುಬ್ಬುಗಳ ನಡುವೆ ಎರಡು ಉದ್ದಗೆರೆ. ಮಕ್ಕಳು ಕಾಪಿ ಬರೆಯಬಹುದಾಗಿತ್ತು.

"ನಾನು ಮಾಡಿಸಿಕೊಂಡ ಕ್ಲಿನಿಕ್ಕಿಗೇ ಹೋಗಿ," ಎಂದಳು ನಾದಿನಿ. "ಕತ್ತಿ ಇಲ್ಲ, ಹೊಲಿಗೆ ಇಲ್ಲ. ಇರುವೆ ಕಚ್ಚಿದ ಹಾಗೆ ಹತ್ತು ಸಲ, ಅಷ್ಟೇ. ಮಧ್ಯಾಹ್ನ ಹೋದ್ರೆ ಕಾಫಿ ಹೊತ್ತಿಗೆ ಮನೇಲಿರ್ತೀರಿ."

ನಾದಿನಿಯ ಮುಖ ನಿಜಕ್ಕೂ ನುಣ್ಣಗಿತ್ತು. ಅವಳ ಮಾತಿಗೆ ಎಂದೂ ಸೋಲದ ದುಭಾಷಿ ಅವಳ ಹಣೆಗೆ ಸೋತಳು.

ಚರ್ಮದ ಡಾಕ್ಟರು ಚಿಕ್ಕ ವಯಸ್ಸಿನ ಹೆಂಗಸು. ಮುಖವೋ, ಆಗಷ್ಟೇ ಪೊಟ್ಟಣ ಒಡೆದು ತೆಗೆದ ಸೋಪು. ಬಟ್ಟೆ ಅಂಗಡಿಯವರು ಥಾನು ಬಿಚ್ಚಿ ತೋರಿಸುವ ಹಾಗೆ ಆಕೆ ಒಂದೊಂದನ್ನೇ ಬಿಚ್ಚಿ ಹೇಳಿದರು. ಕೆನ್ನೆಯ ಕಪ್ಪು ಕಲೆಗಾದರೆ ಪೀಲ್, ಅಂದರೆ ಚರ್ಮದ ಮೇಲ್ಪದರವನ್ನು ಮೆಲ್ಲಗೆ ಉದುರಿಸುವ ಲೇಪ. ಚರ್ಮ ಸಡಿಲವಾಗಿದ್ದರೆ ಲೇಸರ್. ಗುಳಿಬಿದ್ದ ಕೆನ್ನೆಗೆ ಫಿಲ್ಲರ್ ತುಂಬುವುದು. ಹಣೆಯ ಗೆರೆಗೆ ಮಾತ್ರ ಸ್ನಾಯುಗಳನ್ನು ಮಲಗಿಸುವ ಇಂಜೆಕ್ಷನ್.

"ಮೂರು ನಾಲ್ಕು ತಿಂಗಳು ಹಣೆ ಹಾಯಾಗಿ ನಿದ್ದೆ ಮಾಡುತ್ತೆ. ಆಮೇಲೆ ತಾನಾಗೇ ಏಳುತ್ತೆ," ಎಂದರು.

ಸಕ್ಕರೆ ಕಾಯಿಲೆ ಇದೆಯೇ, ಯಾವ ಮಾತ್ರೆ ನುಂಗುತ್ತೀರಿ ಎಂದೆಲ್ಲ ಅರ್ಜಿಯಲ್ಲಿ ಕೇಳಿತ್ತು. ಉದ್ಯೋಗದ ಜಾಗದಲ್ಲಿ ಅವಳು 'ಅನುವಾದ' ಎಂದು ಬರೆದಳು. ಡಾಕ್ಟರು ಓದಿ, "ಒಳ್ಳೇದು, ಕೂತು ಮಾಡೋ ಕೆಲಸ," ಎಂದು ಸೂಜಿ ಎತ್ತಿಕೊಂಡರು.

ಐದಾರು ದಿನಕ್ಕೆ ಹಣೆ ಕೆರೆಯ ನೀರಿನಂತೆ ನಿಶ್ಚಲವಾಯಿತು. ಅವಳು ಕನ್ನಡಿಯ ಮುಂದೆ ನಿಂತು ಹುಬ್ಬು ಹಾರಿಸಲು ನೋಡಿದಳು. ಹುಬ್ಬು ಇದ್ದಲ್ಲೇ ಕೂತಿತ್ತು. ಭಲೇ ಎಂದುಕೊಂಡಳು. ಅವಳ ಗಂಡ ಗಡಿಯಾರ ರಿಪೇರಿಯವನು. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಕೂದಲೆಳೆಯಂಥ ಸ್ಪ್ರಿಂಗು ಹುಡುಕುವ ಆ ಮಹಾಶಯನಿಗೆ ಹೆಂಡತಿಯ ಹಣೆಯಿಂದ ಐದು ಗೆರೆ ನಾಪತ್ತೆಯಾದದ್ದು ಕಾಣಲಿಲ್ಲ. ಎಂಟನೆಯ ದಿನ, "ಏನೇ, ಈಚೆಗೆ ತುಂಬಾ ಶಾಂತವಾಗಿದ್ದೀಯ," ಎಂದ. ಒದ್ದೆ ಟವೆಲನ್ನು ಮತ್ತೆ ಹಾಸಿಗೆಯ ಮೇಲೆ ಎಸೆದಿದ್ದಾನೆಂದು ಆ ಹೊತ್ತಿನಲ್ಲಿ ಅವಳು ಅವನ ಮೇಲೆ ಕೆಂಡಾಮಂಡಲವಾಗಿದ್ದಳು.

ಆ ವಾರ ಟೀವಿಯಲ್ಲಿ ಬೇರೆಯವರ ಸರದಿ, ಮಿಕ್ಕ ಕಡೆಯಿಂದಲೂ ಕರೆ ಬಂದಿರಲಿಲ್ಲ. ಒಂಬತ್ತನೆಯ ದಿನ ಮದುವೆ ನೋಂದಣಿ ಕಚೇರಿಯಿಂದ ಕರೆ ಬಂತು. ಹುಡುಗಿ ಟೈಲರು, ಹುಡುಗ ಬೇಕರಿಯಲ್ಲಿ ಕೇಕಿಗೆ ಹೂ ಬಿಡಿಸುವವನು, ಇಬ್ಬರೂ ಕಿವುಡರು. ಹಸಿರು ಬಣ್ಣ ಬಳಿದ ಗೋಡೆ, ಕಾಲು ಅಲುಗುವ ಮೇಜು, ಅದರ ಹಿಂದೆ ನೆಗಡಿಯಾಗಿದ್ದ ಅಧಿಕಾರಿ.

ಸನ್ನೆಭಾಷೆಯ ಅರ್ಧ ವ್ಯಾಕರಣ ಹುಬ್ಬಿನಲ್ಲಿದೆ. 'ನೀನು ಬಂದೆ' ಎನ್ನುವುದಕ್ಕೂ 'ನೀನು ಬಂದೆಯಾ?' ಎನ್ನುವುದಕ್ಕೂ ಕೈ ಒಂದೇ; ಹುಬ್ಬು ಮೇಲೆದ್ದರೆ ಪ್ರಶ್ನೆ, ಏಳದಿದ್ದರೆ ಹೇಳಿಕೆ. ಯಾರು, ಎಲ್ಲಿ, ಯಾಕೆ ಎನ್ನಬೇಕಾದರೆ ಹುಬ್ಬು ಗಂಟಿಕ್ಕಬೇಕು. ಇದು ಅವಳಿಗೆ ಗೊತ್ತಿರಲಿಲ್ಲವೇ ಎಂದರೆ, ಗೊತ್ತಿತ್ತು. ಉಸಿರಾಡುವುದು ಹೇಗೆಂದು ನಮಗೆ ಗೊತ್ತಿರುವಷ್ಟು. ಹುಟ್ಟಿದಾಗಿನಿಂದ ತಾನಾಗಿ ಏಳುತ್ತಿದ್ದ ಹುಬ್ಬು ಒಂದು ದಿನ ಏಳದೆ ಹೋದೀತು ಎಂದು ಯಾರು ಲೆಕ್ಕ ಹಾಕುತ್ತಾರೆ?

ಅಧಿಕಾರಿ ಮೂಗೊರೆಸಿಕೊಂಡು ಹುಡುಗಿಯನ್ನು ಕೇಳಿದ: "ನಿಮ್ಮ ಸ್ವಂತ ಇಚ್ಛೆಯಿಂದ ಮದುವೆ ಆಗ್ತಿದ್ದೀರಾ?"

ದುಭಾಷಿ ಕೈ ಆಡಿಸಿದಳು. ಹುಡುಗಿಗೆ ಕಂಡದ್ದು: 'ನೀವು ಸ್ವಂತ ಇಚ್ಛೆಯಿಂದ ಮದುವೆ ಆಗುತ್ತಿದ್ದೀರಿ.' ಅವಳು ನಗುತ್ತಾ ಮುಂದಿನ ಮಾತಿಗೆ ಕಾದಳು. ಅಧಿಕಾರಿ ಉತ್ತರಕ್ಕೆ ಕಾದ. ಗೋಡೆಯ ಫ್ಯಾನು ಆ ಕಡೆಗೊಮ್ಮೆ ಈ ಕಡೆಗೊಮ್ಮೆ ನೋಡಿತು.

ಕೊನೆಗೆ ಹುಡುಗಿ ಕೈಯೆತ್ತಿದಳು. ದುಭಾಷಿ ಧರ್ಮದಂತೆ ದನಿ ಕೊಟ್ಟಳು: "ಅದು ನಂಗೆ ಗೊತ್ತು. ಅವರು ಏನು ಕೇಳ್ತಿದ್ದಾರೆ?"

ಅಧಿಕಾರಿ ಅದೇ ಪ್ರಶ್ನೆಯನ್ನು ಇನ್ನಷ್ಟು ಜೋರಾಗಿ ಕೇಳಿದ. ಹುಡುಗಿ ಹೇಗೋ ಊಹಿಸಿ ಹೌದೆಂದು ತಲೆಯಾಡಿಸಿದಳು. ಆಮೇಲೆ ಅವನು ಹುಡುಗನ ಕಡೆ ತಿರುಗಿದ: "ಇದಕ್ಕೆ ಮೊದಲು ನಿಮಗೆ ಮದುವೆ ಆಗಿದೆಯಾ?"

ದುಭಾಷಿಯ ಕೈ ಚಕಚಕನೆ ಓಡಿತು. ಹಣೆ ನಿದ್ದೆಯಲ್ಲಿತ್ತು. 'ಇದಕ್ಕೆ ಮೊದಲು ನಿಮಗೆ ಮದುವೆ ಆಗಿದೆ.'

ಹುಡುಗನ ಬಾಯಿ ತೆರೆದದ್ದು ತೆರೆದೇ ಇತ್ತು. ಹುಡುಗಿ ಹೂಗುಚ್ಛವನ್ನು ಮೇಜಿನ ಮೇಲೆ ಕುಕ್ಕಿ ಅವನತ್ತ ತಿರುಗಿದಳು. ಅವಳ ಹುಬ್ಬಿಗಂತೂ ಯಾವ ಕೊರತೆಯೂ ಇರಲಿಲ್ಲ.

"ಯಾರವಳು?" ಎಂದು ದುಭಾಷಿ ದನಿ ಕೊಟ್ಟಳು. ಕೋಣೆಯಲ್ಲಿ ಯಾರು ಏನೇ ಆಡಿದರೂ ಬಿಡದೆ ಹೇಳಬೇಕಾದದ್ದು ಅವಳ ಕೆಲಸ.

"ಯಾರು ಯಾರು?" ಎಂದ ಅಧಿಕಾರಿ.

"ನಂಗೊತ್ತಿಲ್ಲ, ಇವರೇ ಹೇಳಿದ್ದು!" ಇದು ಹುಡುಗನದು. ಅವನ ಬೆರಳು ನೆಟ್ಟಗೆ ಅಧಿಕಾರಿಯನ್ನು ತೋರಿಸುತ್ತಿತ್ತು.

"ನಾನಾ? ನಾನೇನಪ್ಪಾ ಹೇಳಿದೆ!" ಅಧಿಕಾರಿಯ ನೆಗಡಿ ಅಲ್ಲೇ ಇಳಿದುಹೋಯಿತು.

"ಎಷ್ಟು ವರ್ಷದಿಂದ? ಮಕ್ಕಳೂ ಇದಾವಾ?" ಇದು ಮತ್ತೆ ಹುಡುಗಿ.

ಆಗ ದುಭಾಷಿಗೆ ಮಿಂಚು ಹೊಡೆದಂತೆ ಹೊಳೆಯಿತು. ಕೈಯೆತ್ತಿ ಎಲ್ಲರನ್ನೂ ನಿಲ್ಲಿಸಿ, ಗಾಳಿಯಲ್ಲಿ ಬೆರಳಿನಿಂದ ಬಾಗಿಲಿನಷ್ಟು ದೊಡ್ಡ ಪ್ರಶ್ನಾರ್ಥಕ ಚಿಹ್ನೆ ಬರೆದಳು. ಆಮೇಲೆ ತನ್ನ ಹಣೆ ತೋರಿಸಿ, ಸೂಜಿ ಚುಚ್ಚಿದ್ದನ್ನು ತೋರಿಸಿ, ಎರಡೂ ಕೈ ಕೆನ್ನೆಗಿಟ್ಟು ಮಲಗಿದ ಸನ್ನೆ ಮಾಡಿದಳು. ಹುಡುಗಿ ಒಂದು ಗಳಿಗೆ ನೋಡಿ, ಅಲ್ಲೇ ಕುಕ್ಕರುಗಾಲಲ್ಲಿ ಕೂತು ಕಣ್ಣ ಕಾಡಿಗೆ ಕೆನ್ನೆಗಿಳಿಯುವವರೆಗೆ ನಕ್ಕಳು. ಹುಡುಗ ನಗಲಿಲ್ಲ, ಬೆವರೊರೆಸಿಕೊಂಡ. ಅಂತೂ ಸಹಿ ಬಿತ್ತು.

ಕಿವುಡರ ಬಳಗದಲ್ಲಿ ಸುದ್ದಿ ಹಬ್ಬಲು ಬಾಯಿ ಬೇಕಾಗಿಲ್ಲ. ಅಲ್ಲಿ ಪ್ರತಿಯೊಬ್ಬರಿಗೂ ಒಂದು ಸನ್ನೆಯ ಹೆಸರಿರುತ್ತದೆ. ಅವಳದು ಚಿಕ್ಕಂದಿನಿಂದ 'ಎತ್ತಿದ ಹುಬ್ಬು'. ಆ ಸಂಜೆಯೊಳಗೆ ಅದು 'ಇಸ್ತ್ರಿಪೆಟ್ಟಿಗೆ' ಆಗಿತ್ತು. ಎಲ್ಲಿ ಕಂಡರೂ ಜನ ಅಂಗೈಯನ್ನು ಹಣೆಯ ಮೇಲೆ ಅತ್ತಿಂದಿತ್ತ ಜಾರಿಸಿ ನಮಸ್ಕಾರ ಹೇಳತೊಡಗಿದರು.

ನಗೆಯನ್ನೆಲ್ಲ ಅವಳು ನಗುತ್ತಲೇ ತಡೆದುಕೊಂಡಳು. ತಡೆಯಲಾಗದೆ ಹೋದದ್ದು ಅಮ್ಮನ ಮನೆಯಲ್ಲಿ. ಅಪ್ಪ ತೀರಿಕೊಂಡಮೇಲೆ ಮೂರು ಬೀದಿ ಆಚೆ ಒಬ್ಬಳೇ ಇದ್ದ ಅಮ್ಮನಿಗೆ ಎಪ್ಪತ್ತೇಳು. ಮೂವತ್ತು ವರ್ಷ ಪುಸ್ತಕಕ್ಕೆ ಬೈಂಡು ಹಾಕಿದ ಕೈ. ಮಗಳು ಬಾಗಿಲಲ್ಲಿ ನಿಂತು, ಕಾಲುನೋವು ಕಡಿಮೆಯಾಯಿತೇ ಎಂದು ಕೇಳಿದಳು. ಅಮ್ಮ ಹತ್ತಿರ ಬಂದು ಮುಖವನ್ನೇ ನೋಡಿದಳು.

"ಕೈ ಮಾತಾಡ್ತಿದೆ, ಮುಖ ಮನೇಲಿಲ್ಲ," ಎಂದಳು ಕೈಯಲ್ಲಿ. "ಪಕ್ಕದ ಮನೆಯವರು ವಿಚಾರಿಸಿದ ಹಾಗಿದೆ."

"ಮೂರು ತಿಂಗಳಷ್ಟೇ ಅಮ್ಮಾ, ಮತ್ತೆ ಬರುತ್ತೆ."

"ಚಿಕ್ಕವಳಿದ್ದಾಗ ನೀನು ಅಳ್ತಿದ್ರೆ ನಂಗೆ ಕೇಳ್ತಿರಲಿಲ್ಲ. ಹಣೆ ನೋಡ್ಕೊಂಡೇ ಓಡಿ ಬರ್ತಿದ್ದೆ." ಅಮ್ಮ ಗೋಂದಿನಿಂದ ಒರಟಾಗಿದ್ದ ತನ್ನ ಎರಡು ಹೆಬ್ಬೆರಳನ್ನು ಮಗಳ ಹುಬ್ಬಿನ ಕೆಳಗಿಟ್ಟು ಮೇಲಕ್ಕೆ ತಳ್ಳಿ ಹಿಡಿದಳು. ಕೈ ಬಿಡಿಸಿಕೊಳ್ಳುವ ಹಾಗಿಲ್ಲದ್ದರಿಂದ ಗದ್ದದಲ್ಲೇ ಸನ್ನೆ ಮಾಡಿದಳು: ಈಗ ಕೇಳು.

ಮಗಳು ಕೇಳಿದಳು. ಅಮ್ಮ ಹೆಬ್ಬೆರಳು ತೆಗೆದು, ಪರವಾಗಿಲ್ಲ, ಮೆಟ್ಟಿಲು ಹತ್ತುವಾಗ ಮಾತ್ರ ನೋವು ಎಂದಳು. ಇಬ್ಬರೂ ನಕ್ಕರು, ಮಗಳ ಕಣ್ಣು ಒದ್ದೆಯಾಗಿತ್ತು.

ಮರುದಿನ ಅವಳು ಕ್ಲಿನಿಕ್ಕಿಗೆ ಹೋಗಿ, ಈ ಹಣೆಯನ್ನು ಎಬ್ಬಿಸಲು ಮದ್ದಿದೆಯೇ ಎಂದು ಕೇಳಿದಳು. ಡಾಕ್ಟರು ನಡೆದದ್ದನ್ನೆಲ್ಲ ಕೇಳಿ ಪೆನ್ನು ಕೆಳಗಿಟ್ಟರು.

"ಕಾಯೋದೊಂದೇ ದಾರಿ. ತಪ್ಪು ನಂದೂ ಇದೆ. ನಿಮ್ಮ ರಕ್ತದ ವಿಷಯ ಎಲ್ಲ ಕೇಳಿದೆ, ಮುಖದಿಂದ ಏನು ಕೆಲಸ ಮಾಡ್ತೀರಿ ಅಂತ ಕೇಳಲಿಲ್ಲ."

ಕಾಯುವಷ್ಟು ದಿನ ಅವಳು ಟೀವಿಗೆ ಹೋಗಲಿಲ್ಲ. ಮಿಕ್ಕ ಕಡೆ ತಲೆ ಮುಂದೆ ಚಾಚಿ, ಭುಜ ಎತ್ತಿ, ಪ್ರತಿ ಪ್ರಶ್ನೆಯ ಕೊನೆಗೆ 'ಕೇಳುತ್ತಿದ್ದೇನೆ' ಎಂಬ ಸನ್ನೆ ಸೇರಿಸಿ ಸಂಭಾಳಿಸಿದಳು. ಸಂಜೆಗೆ ಕತ್ತು ಹಿಡಿದುಕೊಳ್ಳುತ್ತಿತ್ತು. ಗಂಡ ಎಣ್ಣೆ ಉಜ್ಜುತ್ತಾ, "ಹಣೆ ಮಾಡೋ ಕೆಲಸಾನ ಕತ್ತು ಮಾಡಿದ್ರೆ ಇನ್ನೇನಾಗುತ್ತೆ," ಎಂದು ಗಡಿಯಾರದ ಹಲ್ಲುಚಕ್ರದ ಉದಾಹರಣೆ ಕೊಡುತ್ತಿದ್ದ.

ಮೂರನೆಯ ತಿಂಗಳ ಕೊನೆಗೆ ಹುಬ್ಬು ಎದ್ದಿತು. ಆದರೆ ಒಂದೇ, ಬಲಗಡೆಯದು. ಎಡಗಡೆಯದಕ್ಕೆ ಇನ್ನೂ ಬೆಳಗಾಗಿರಲಿಲ್ಲ. ಒಂಟಿ ಹುಬ್ಬು ಏರಿದರೆ ಯಾವ ಭಾಷೆಯಲ್ಲೂ ಒಂದೇ ಅರ್ಥ: ನಂಬಬೇಡ.

ಆ ವಾರವೇ ಒಂದು ರಟ್ಟಿನ ಪೆಟ್ಟಿಗೆ ಕಾರ್ಖಾನೆಯಲ್ಲಿ ಸಭೆ. ಅಲ್ಲಿ ಹದಿನಾಲ್ಕು ಕಿವುಡ ಕೆಲಸಗಾರರಿದ್ದರು. ಹೊಸ ಯಂತ್ರ ಬರುತ್ತದೆ, ಯಾರನ್ನೂ ಕೆಲಸದಿಂದ ತೆಗೆಯುವುದಿಲ್ಲ ಎಂದು ಮ್ಯಾನೇಜರ್ ಗಂಭೀರವಾಗಿ ಹೇಳಿದ. ದುಭಾಷಿ ಅಷ್ಟೇ ಗಂಭೀರವಾಗಿ ಕೈ ಆಡಿಸಿದಳು. ಬಲಹುಬ್ಬು ತನ್ನಷ್ಟಕ್ಕೆ ತಾನು ಕೂದಲಿನ ಅಂಚಿಗೆ ಏರಿತು. ಹದಿನಾಲ್ಕು ಜನವೂ ಗೊಳ್ಳೆಂದು ನಕ್ಕರು. ಅವಳು ಕೂಡಲೇ ತಡೆದು, ಇದು ಮ್ಯಾನೇಜರ್ ಮಾತಲ್ಲ, ನನ್ನ ಹುಬ್ಬಿನ ಕಾಯಿಲೆ ಎಂದು ಎರಡೂ ಕಡೆಯವರಿಗೆ ವಿವರಿಸಿದಳು. ಮುಂದಿನ ಸಾಲಿನ ಹಿರಿಯ ಕೆಲಸಗಾರ ಎದ್ದು ನಿಂತ.

"ಹುಬ್ಬಿನ ತಪ್ಪೇ ಇರಲಿ. ಆದ್ರೂ ಅನುಮಾನ ಬಂದದ್ದು ಬಂತು, ಬರವಣಿಗೇಲಿ ಕೊಟ್ಬಿಡಿ."

ಮ್ಯಾನೇಜರ್ ಸ್ವಲ್ಪ ಹೊತ್ತು ಛಾವಣಿ ನೋಡಿ, ಬರೆದುಕೊಟ್ಟ. ಆ ಕಾಗದ ಈಗಲೂ ಊಟದ ಕೋಣೆಯ ಗೋಡೆಯಲ್ಲಿದೆ. ಹದಿನಾಲ್ಕು ಜನವೂ ಕೆಲಸದಲ್ಲಿದ್ದಾರೆ.

ಎಡಹುಬ್ಬೂ ಎದ್ದಮೇಲೆ ಗೆರೆಗಳೆಲ್ಲ ವಾಪಸಾದವು. ಕ್ಲಿನಿಕ್ಕಿನ ನಂಟು ಮುಗಿಯಿತೆಂದುಕೊಳ್ಳುವಷ್ಟರಲ್ಲಿ ಅಮ್ಮ ಅಲ್ಲಿಯ ಕರಪತ್ರ ಹಿಡಿದು ಬಂದಳು. ಮಗಳ ಚೀಲದಿಂದ ಯಾವಾಗಲೋ ಎತ್ತಿಕೊಂಡದ್ದು.

"ನಂಗೆ ಹಣೆ ಬೇಡ. ಈ ಕೆನ್ನೆಯ ಕಲೆ ತೆಗೆಸಬೇಕು. ಪೀಲ್ ಅಂತೆ. ಅದ್ರಿಂದ ಮಾತಿಗೇನೂ ತೊಂದರೆ ಇಲ್ಲ, ಓದಿದೀನಿ."

ಡಾಕ್ಟರು ಅಮ್ಮನ ಕೆನ್ನೆಯನ್ನು ದೀಪದ ಕೆಳಗೆ ನೋಡಿದರು. ಅರ್ಜಿಯಲ್ಲಿ ಹೊಸದೊಂದು ಸಾಲು ಸೇರಿತ್ತು: 'ನಿಮ್ಮ ಕೆಲಸಕ್ಕೆ ಮುಖದ ಚಲನೆ ಬೇಕೆ?' ಅಮ್ಮ ಅದರ ಮುಂದೆ ದೊಡ್ಡದಾಗಿ 'ಬದುಕೋದಕ್ಕೇ ಬೇಕು' ಎಂದು ಬರೆದಿದ್ದಳು.

"ತೆಳುವಾದ ಪೀಲ್ ಮಾಡೋಣ," ಎಂದರು ಡಾಕ್ಟರು. "ಒಂದು ಐದು ವರ್ಷ ಚಿಕ್ಕವರ ಹಾಗೆ ಕಾಣ್ತೀರಿ."

ಮಗಳು ಕೈಗೆ ತಂದಳು. ಅಮ್ಮ ಯೋಚಿಸಿ ಕೇಳಿದಳು: "ಯಾವ ಐದು? ನಾನೇ ಆರಿಸಬಹುದಾ?"

ಡಾಕ್ಟರು ನಕ್ಕರು. ಅಮ್ಮ ನಗಲಿಲ್ಲ, ಬೆರಳು ಮಡಿಸಿ ಎಣಿಸಿದಳು. ಏಳರಿಂದ ಹನ್ನೊಂದು. ಶಾಲೆಯಲ್ಲಿ ಸನ್ನೆ ಮಾಡಬಾರದೆಂದು ಕೈಗಳನ್ನು ತೊಡೆಯ ಕೆಳಗೆ ಇಟ್ಟು ಕೂರಿಸುತ್ತಿದ್ದ ವರ್ಷಗಳು.

"ಅವನ್ನ ತೆಗೆದುಬಿಡಿ. ಉಳಿದದ್ದು ಇರಲಿ. ಉಳಿದದ್ದರಲ್ಲಿ ನನ್ನ ಗಂಡ ಇದ್ದಾನೆ, ಇವಳಿದ್ದಾಳೆ."

ಮಗಳು ಒಂದು ಪದವನ್ನೂ ಬಿಡದೆ ಇದಕ್ಕೆ ದನಿ ಕೊಟ್ಟಳು. ಡಾಕ್ಟರು ಅಮ್ಮನ ಕೈ ಹಿಡಿದುಕೊಂಡರು. ಹಿಡಿದರೆ ಮಾತು ನಿಂತುಹೋಗುತ್ತದೆಂದು ನೆನಪಾಗಿ ತಟ್ಟನೆ ಬಿಟ್ಟರು.

ಕೆನ್ನೆಯ ಸಿಪ್ಪೆ ಉದುರಲು ಒಂದು ವಾರ ಹಿಡಿಯಿತು. ಬಿಸಿಲಿಗೆ ಹೋಗಕೂಡದೆಂದು ಡಾಕ್ಟರು ಹೇಳಿದ್ದರಿಂದ ಅಮ್ಮ ಗಂಡನ ಹಳೆಯ ಕಪ್ಪು ಕೊಡೆ ಹಿಡಿದು ಬೀದಿಯುದ್ದಕ್ಕೂ ನಡೆದಳು. ಸಿಕ್ಕವರಿಗೆಲ್ಲ ನಿಂತು ಕೆನ್ನೆ ತೋರಿಸಿ ಕಥೆ ಹೇಳಬೇಕು, ಹೇಳಲು ಎರಡೂ ಕೈ ಬೇಕು. ಹಾಗಾಗಿ ಆ ವಾರವಿಡೀ ಕೊಡೆ ಹಿಡಿದು ಪಕ್ಕದಲ್ಲಿ ನಿಂತವನು ಗಡಿಯಾರದ ಅಂಗಡಿಗೆ ಬೀಗ ಹಾಕಿ ಬಂದ ಅಳಿಯ.