ಕೋರ್ಟಿನ ಚಹಾಕ್ಕೆ ಒಂದು ಸ್ಟೀಲ್ ಬಾಯ್ಲರ್

ನಿಪ್ಪಾಣಿಯ ತವರಿನಿಂದ ಚಿಕ್ಕೋಡಿಗೆ ಸೊಸೆಯಾಗಿ ಬರುವಾಗ ಬೀಡಿ ಕಟ್ಟುವ ಕೈ ತಂದಿದ್ದೆ, ಜೊತೆಗೆ ತಂಬಾಕಿನ ಕೆಮ್ಮನ್ನೂ ತಂದಿದ್ದೆ. ಕೈ ಸಂಸಾರಕ್ಕೆ ಆಯಿತು. ಕೆಮ್ಮು ವರ್ಷ ಕಳೆದಂತೆ ನನ್ನ ಬಾಯಿಗಿಂತ ಜೋರಾಯಿತು, ನನ್ನ ಬಾಯಿ ಎಷ್ಟು ಜೋರು ಅಂತ ಓಣಿಯವರನ್ನು ಕೇಳಿ. ತೊಂಬತ್ತರ ದಶಕ ಶುರುವಾಗುವ ಹೊತ್ತಿಗೆ ನನಗೆ ಸಾಕುಸಾಕಾಗಿತ್ತು. ನಮ್ಮವ್ವನೂ ಬೀಡಿ ಕಟ್ಟಿದವಳೇ, ಕೊನೆಗಾಲದಲ್ಲಿ ಮಲಗಲಾಗದೆ ಗೋಡೆಗೆ ಒರಗಿಕೊಂಡೇ ನಿದ್ದೆ ಮಾಡುತ್ತಿದ್ದಳು. ತಂಬಾಕಿನ ಕೆಲಸ ಬಿಡದಿದ್ದರೆ ನನ್ನ ಗತಿಯೂ ಅದೇ ಎಂದು ಹೆದರಿಕೆಯಾಗುತ್ತಿತ್ತು.

ಅಷ್ಟರಲ್ಲಿ ಕೋರ್ಟಿನ ಆವಾರದಲ್ಲಿ ಚಹಾ ಮಾರುತ್ತಿದ್ದವನು ಊರು ಬಿಟ್ಟುಹೋದ. ಅಲ್ಲಿನ ಒಬ್ಬ ಹಿರಿಯ ವಕೀಲರ ಮನೆಗೆ ನಾನು ಹಪ್ಪಳ ಮಾಡಿಕೊಡುತ್ತಿದ್ದೆ. ನಾಚಿಕೆ ಬಿಟ್ಟು ಅವರನ್ನು ಕೇಳಿಯೇಬಿಟ್ಟೆ.

"ಸೋಮವಾರ ಬಂದು ಚಾ ಮಾಡಿ ತೋರಸ್ರಿ. ಮಂದಿಗೆ ಸೇರಿತು ಅಂದ್ರ ಜಾಗಾ ನಿಮಗ," ಎಂದರು.

ಸ್ಟೋವ್ ಮೇಲೆ ಪಾತ್ರೆ ಇಟ್ಟು ಕುದಿಸುತ್ತ ಕೂತರೆ ಕೋರ್ಟಿನ ಮಂದಿ ಕಾಯುವುದಿಲ್ಲ. ನಳ ಇರುವ ದೊಡ್ಡ ಸ್ಟೀಲ್ ಬಾಯ್ಲರ್ ಬೇಕು, ಕೊಳ್ಳುವ ತಾಕತ್ತಿಲ್ಲ. ನಮ್ಮ ಮನೆಯವರದು ಬಸ್ ಸ್ಟ್ಯಾಂಡಿನ ಹಿಂದೆ ವೆಲ್ಡಿಂಗ್ ಅಂಗಡಿ. ನೇಗಿಲು, ಚಕ್ಕಡಿ, ಕಬ್ಬಿನ ಟ್ರೇಲರ್, ಬರೀ ಕಬ್ಬಿಣದ ಕೆಲಸ. ನೀವೇ ಮಾಡಿಕೊಡಿ ಅಂದರೆ ತಲೆ ಅಲ್ಲಾಡಿಸಿದರು.

"ಏ, ಸ್ಟೀಲ್ ಭಾಳ ನಾಜೂಕ. ಸ್ವಲ್ಪ ಕಾವು ಹೆಚ್ಚಾತಂದ್ರ ತೂತು ಬೀಳತೈತಿ."

"ಇಷ್ಟು ವರ್ಷ ನನ್ನ ಸಂಭಾಳಿಸೀರಿ, ಅದೇನ್ ಮಹಾ!" ಎಂದೆ.

ನಕ್ಕರು. ಅವರು ನಕ್ಕರೆ ಒಪ್ಪಿದಂತೆಯೇ. ಕೊಲ್ಹಾಪುರದ ಗುಜರಿಯಿಂದ ಸ್ಟೀಲ್ ತಗಡು ತಂದರು, ಬೆಸೆಯಲು ಸ್ಟೀಲಿಗೇ ಬೇರೆ ರಾಡ್ ಬೇಕಂತೆ, ಅದನ್ನೂ ತಂದರು. ಮೊದಲ ತುಂಡುಗಳೆಲ್ಲ ಜರಡಿಯಾದವು. ಆಮೇಲೆ ಕರೆಂಟ್ ಇಳಿಸಿ, ಬೆರಳಗಲ ಬೆಸೆದು ತಣ್ಣಗಾಗಲು ಬಿಟ್ಟು, ಎದುರು ಬದಿಗೆ ಹೋಗಿ ಮತ್ತೆ ಬೆರಳಗಲ. ಯಾವತ್ತೂ ಅವಸರದ ಮನುಷ್ಯ, ನನ್ನ ಬಾಯ್ಲರಿಗಾಗಿ ಅಷ್ಟು ತಾಳ್ಮೆಯಿಂದ ಕೂತರು.

ನಮ್ಮ ಅಂಗಡಿಯದೊಂದು ಪದ್ಧತಿ ಇತ್ತು. ಯಾವ ಕೆಲಸ ಮುಗಿದರೂ ತೀರಿಹೋದ ನಮ್ಮ ಮಾವನವರ ತಂತಿ ಬ್ರಶ್ಶಿನಿಂದ ಅದನ್ನು ಉಜ್ಜಿಯೇ ಹೊರಗೆ ಕಳಿಸಬೇಕು. ಆ ಬ್ರಶ್ಶಿಗೆ ದೇವರ ಫೋಟೋದ ಪಕ್ಕದಲ್ಲೇ ಜಾಗ. ಹೆಂಡತಿಯ ಬಾಯ್ಲರ್ ಅಂತ ನಮ್ಮವರು ಒಳಗೂ ಹೊರಗೂ ಮನಸಾರೆ ಉಜ್ಜಿದರು. ಶುಕ್ರವಾರ ಸಂಜೆ ನೀರು ತುಂಬಿ ಬಿಟ್ಟೆವು. ಬೆಳಗ್ಗೆ ನೋಡಿದರೆ ಒಂದು ಹನಿಯೂ ಸೋರಿರಲಿಲ್ಲ.

ಆ ನೀರಿನಲ್ಲೇ ಚಹಾ ಕುದಿಸಿದೆ. ಮೊದಲ ಕಪ್ಪು ಬಸದಿ ಓಣಿಯ ಜೈನರ ಆಯಿಗೆ. ನೀರನ್ನೂ ಬಟ್ಟೆಯಲ್ಲಿ ಸೋಸದೆ ಕುಡಿಯದ ಮುದುಕಿ, ಬಾಯಿ ರುಚಿಯಲ್ಲಿ ಸುಳ್ಳು ಹೇಳುವವಳಲ್ಲ. ಒಂದು ಗುಟುಕು ಕುಡಿದು ಮುಖ ಕಿವುಚಿದಳು.

"ಅಯ್ಯ, ಏನ ಇದು ತಂಗಿ! ಚಾ ಅಂತ ಕರದು ಮಸಿ ಕುಡಿಸ್ತೀ?"

ನಾನೂ ಒಂದು ಗುಟುಕು ಕುಡಿದು ನೋಡಿದೆ. ನಿಜವಾಗಿಯೂ ಚಹಾ ಬೂದು ಬಣ್ಣಕ್ಕೆ ತಿರುಗಿತ್ತು, ನಾಲಿಗೆಗೆ ಮೊಳೆ ನೆಕ್ಕಿದ ರುಚಿ. ಬಾಯ್ಲರ್ ಖಾಲಿ ಮಾಡಿ ಬ್ಯಾಟರಿ ಹಿಡಿದು ನೋಡಿದರೆ ಒಳಗೆಲ್ಲ ಕಂದು ಗೆರೆಗಳು. ಸೋಮವಾರಕ್ಕೆ ಮೊದಲು ಉಳಿದದ್ದು ಭಾನುವಾರವೊಂದೇ.

"ರಾಡ್ ಕೊಟ್ಟಾಂವ ಮೋಸ ಮಾಡ್ಯಾನ. ಎಲ್ಲಾ ಬಿಚ್ಚಿ ಹೊಸದಾಗಿ ಬೆಸೀಬೇಕು," ಎಂದು ನಮ್ಮವರು ತಲೆ ಮೇಲೆ ಕೈ ಹೊತ್ತು ಕೂತರು.

ನಾನು ಬಾಯ್ಲರನ್ನು ಬಿಸಿಲಿಗೆ ಎಳೆದು ತಿರುವಿ ತಿರುವಿ ನೋಡಿದೆ. ಹೊರಗೆ, ಬೆಸುಗೆಯೇ ಇಲ್ಲದ ಬರೀ ತಗಡಿನ ಮೇಲೆ, ನೀರು ಚೆಲ್ಲಿದ ಕಡೆಯೂ ಅದೇ ತುಕ್ಕು. ಅದೂ ಗೀರುಗೀರಾಗಿ, ಬ್ರಶ್ಶು ಓಡಾಡಿದ ಹಾದಿ ಹಿಡಿದು.

"ರಾಡ್ ಅಲ್ಲರೀ, ಮಾವನವರ ಬ್ರಶ್ಶು. ಜನ್ಮವೆಲ್ಲ ಕಬ್ಬಿಣ ತಿಕ್ಕೇತಿ ಅದು. ಆ ಕಬ್ಬಿಣನ ಸ್ಟೀಲಿಗೆ ಹತ್ತೇತಿ."

"ನಮ್ಮಪ್ಪನ ಬ್ರಶ್ಶಿಗೆ ಹೆಸರ ಇಡಬ್ಯಾಡ!" ಎಂದು ಎದ್ದೇಬಿಟ್ಟರು.

"ನಿಮ್ಮಪ್ಪಗ ಕೈ ಮುಗೀತೀನಿ. ಆದ್ರ ಚಾದಾಗ ಅವರ ನೇಗಿಲಾ ಕುಡೀಲಿಕ್ಕೆ ಆಗಂಗಿಲ್ಲ!"

ಸಿಟ್ಟಿನಿಂದ ಹೊರಟುಹೋದರು. ನನಗೂ ಮೈ ಉರಿಯುತ್ತಿತ್ತು. ಅಡುಗೆಮನೆಗೆ ಹೋಗಿ ಹುಣಸೆಹಣ್ಣಿನ ಡಬ್ಬಿಯನ್ನೇ ಸುರುವಿದೆ. ಹಬ್ಬಕ್ಕೆ ತಾಮ್ರದ ಕೊಡ ತಿಕ್ಕುವ ಮದ್ದು ಇದಕ್ಕೂ ಆಗಲಿ ಎಂದು ಹುಳಿನೀರು ತುಂಬಿ ಕುದಿಸಿದೆ. ಆಮೇಲೆ ತೆಂಗಿನ ನಾರು ಹಿಡಿದು ಬಾಯ್ಲರಿನೊಳಗೆ ಭುಜದ ತನಕ ಕೈ ಹಾಕಿ ಉಜ್ಜಲು ಕೂತೆ. ಸ್ವಲ್ಪ ಹೊತ್ತಿಗೆ ನಮ್ಮವರು ಬಂದರು. ನನ್ನ ಕೈಯಿಂದ ನಾರು ಇಸಿದುಕೊಂಡು ತಾವೇ ಉಜ್ಜಿದರು. ಕಂದು ನೀರು ಚೆಲ್ಲುವುದು, ಮತ್ತೆ ಹುಳಿ ಹಾಕಿ ಕುದಿಸುವುದು, ದಿನವೆಲ್ಲ ಅದೇ ಆಯಿತು. ಸಂಜೆ ಹೊಸ ನೀರು ತುಂಬಿ ಇಟ್ಟೆವು. ಭಾನುವಾರ ಬೆಳಗ್ಗೆ ಒಳಗೆ ನೋಡಿದರೆ ಬೆಳ್ಳಗೆ ಹೊಳೆಯುತ್ತಿತ್ತು, ಒಂದು ಗೆರೆಯೂ ಇರಲಿಲ್ಲ. ಖುಷಿಗೆ ನಮ್ಮವರ ಬೆನ್ನಿಗೆ ಒಂದು ಗುದ್ದು ಗುದ್ದಿದೆ.

ಸೋಮವಾರ ಕೋರ್ಟಿನ ಬೇವಿನ ಗಿಡದ ಕೆಳಗೆ ಬಾಯ್ಲರ್ ಇಟ್ಟೆವು. ನಳ ತಿರುಗಿಸಿದರೆ ಒಳ್ಳೆ ಕೆಂಪು ಚಹಾ, ಮೇಲೆ ಹಾಲು. ಕಕ್ಷಿದಾರರು ಕುಡಿದರು, ಗುಮಾಸ್ತರು ಕುಡಿದು ಎರಡನೇ ಕಪ್ಪು ಕೇಳಿದರು. ಮಧ್ಯಾಹ್ನ ಆ ಹಿರಿಯ ವಕೀಲರು ಬಂದು ನಿಂತೇ ಕುಡಿದರು. ಅವರು ಕಪ್ಪು ಕೆಳಗಿಟ್ಟು ನಮ್ಮವರ ಕಡೆ ತಿರುಗಿದರು.

"ಮಾಲಕರ, ಛಲೋ ಆಗೇತಿ. ನಾಳಿಂದ ಕಾಯಂ ಇಲ್ಲೇ ಹಚ್ಚರಿ."

ನಮ್ಮವರು ಕೈ ಒರೆಸಿಕೊಂಡು ಒಂದು ಹೆಜ್ಜೆ ಹಿಂದೆ ಸರಿದರು. "ನನಗ್ಯಾಕ ಹೇಳ್ತೀರಿ ಸಾಹೇಬ್ರ? ಅಂಗಡಿ ಆಕೀದು. ಆಕಿಗೆ ಹೇಳ್ರಿ."

ವಕೀಲರು ನನ್ನ ಕಡೆ ತಿರುಗಿ ಅದೇ ಮಾತನ್ನು ಇನ್ನೊಮ್ಮೆ ಹೇಳಿದರು. ಮೊದಲ ಸಲ ಹೇಳಿದಾಗಲೇ ನನಗೆ ಚೆನ್ನಾಗಿ ಕೇಳಿಸಿತ್ತು. ಆದರೂ ಕೇಳಿಸದವಳ ಹಾಗೆ, "ಏನಂದ್ರಿ ಸಾಹೇಬ್ರ?" ಎಂದೆ.